ಎಂಜಿನಿನ ಎಣ್ಣೆ: ಎಷ್ಟು ದಪ್ಪ, ಎಷ್ಟು ದಿನ?

ಎತ್ತಿನ ಗಾಡಿಗಳು ಬಳಕೆಯಲ್ಲಿದ್ದ ಕಾಲದಲ್ಲಿ ಅಚ್ಚಿನ ಮಗ್ಗುಲಿಗೆ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿದ್ದಿತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಮಾಡಿದ ಕೀಲೆಣ್ಣೆ ಅದರೊಳಗಿರುತ್ತಿದ್ದಿತು. ಗಾಲಿ ಕಿರುಗುಟ್ಟತೊಡಗಿದೊಡನೆ ಗಾಡಿಯವನು ಇಳಿದು, ಕಡೆಗೀಲನ್ನು ಕಿತ್ತು, ಗಾಲಿಯನ್ನು ತುಸು ಹೊರಕ್ಕೆ ಸರಿಸಿ, ಅಚ್ಚಿಗೆ ಎಣ್ಣೆ ಬಳಿದು ಮುಂದೆ ಸಾಗುತ್ತಿದ್ದನು. ಎಣ್ಣೆ ಎಷ್ಟು ದಪ್ಪವಿರಬೇಕು, ಎಷ್ಟು ದಿನಕ್ಕೊಮ್ಮೆ ಹಾಕಬೇಕು ಎಂಬ ಎರಡು ಪ್ರಶ್ನೆಗಳಿಗೂ ಅವನ ಕಿವಿಯೇ ಉತ್ತರ ಹೇಳುತ್ತಿದ್ದಿತು.

ನೆಲಮಂಗಲ ತಾಲ್ಲೂಕಿನ ಅರಿಶಿನಕುಂಟೆ ಬೆಂಗಳೂರು-ತುಮಕೂರು ಹೆದ್ದಾರಿಯ ಬಳಿಯಲ್ಲಿದೆ. ಅಲ್ಲಿ ಇಂದು ಗಾಡಿಗಳ ಕೆಲಸವನ್ನು ಪಿಕಪ್ ಲಾರಿಗಳು ಮಾಡುತ್ತಿವೆ. ನಸುಕಿನಲ್ಲಿ ತರಕಾರಿ ಹೇರಿಕೊಂಡು ದಾಸನಪುರದ ಮಾರುಕಟ್ಟೆಗೆ, ಹಗಲು ಉಗ್ರಾಣಗಳಿಂದ ಪೆಟ್ಟಿಗೆಗಳನ್ನು ತುಂಬಿಕೊಂಡು ಪೀಣ್ಯಕ್ಕೆ, ಒಮ್ಮೊಮ್ಮೆ ಕುಣಿಗಲ್, ಹಾಸನಗಳ ಮೇಲೆ ಶಿರಾಡಿ ಘಟ್ಟವಿಳಿದು ಮಂಗಳೂರಿಗೆ. ಇವುಗಳ ಚಾಲಕರ ಮುಂದೆಯೂ ಅದೇ ಎರಡು ಪ್ರಶ್ನೆಗಳಿವೆ. ಆದರೆ ಕಿವಿಯನ್ನು ನಂಬುವಂತಿಲ್ಲ. ಎಂಜಿನು ಸದ್ದು ಮಾಡುವ ಹೊತ್ತಿಗೆ ಬೇರಿಂಗು ಕೆಟ್ಟಿರುತ್ತದೆ. ಸಾಲದ ಕಂತಿನಿಂದ ಕೊಂಡ ವಾಹನದಲ್ಲಿ ವಕ್ರದಂಡವೊಂದು ಕಚ್ಚಿಕೊಂಡರೆ ದುರಸ್ತಿಯ ಖರ್ಚಿನ ಜೊತೆಗೆ ದುಡಿಮೆಯೂ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಈ ಪ್ರಶ್ನೆಗಳನ್ನು ಭೌತಶಾಸ್ತ್ರದ ಸಹಾಯದಿಂದ ಬಿಡಿಸಿ ನೋಡುವುದು ಲೇಸು.

ಮೊದಲು ಎಣ್ಣೆ ಮಾಡುವ ಕೆಲಸವೇನೆಂಬುದನ್ನು ನೋಡೋಣ. ಎರಡು ಲೋಹಗಳ ನಡುವೆ ಜಾರಿಕೆಯನ್ನುಂಟುಮಾಡುವುದು ಎಂದು ಎಲ್ಲರೂ ಹೇಳುತ್ತಾರೆ. 1883ರಲ್ಲಿ ಇಂಗ್ಲೆಂಡಿನ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರನು ರೈಲ್ವೆ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ ಇದಕ್ಕಿಂತ ಸ್ವಾರಸ್ಯವಾದ ಸಂಗತಿಯೊಂದು ಹೊರಬಿದ್ದಿತು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಅವನು ಒಂದು ರಂಧ್ರವನ್ನು ಕೊರೆದನು. ಅಚ್ಚು ತಿರುಗಿದೊಡನೆ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಮರದ ಬೆಣೆಯಿಂದ ರಂಧ್ರವನ್ನು ಮುಚ್ಚಿದರೆ ಬೆಣೆಯನ್ನೇ ನೂಕಿಬಿಟ್ಟಿತು. ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡುಗಳನ್ನೂ ದಾಟಿತು; ಬೇರಿಂಗಿನ ಮೇಲಿದ್ದ ಸರಾಸರಿ ಹೊರೆಯಾದರೋ 100 ಪೌಂಡು ಮಾತ್ರ! ತಿರುಗುವ ಅಚ್ಚು ಎಣ್ಣೆಯನ್ನು ತನ್ನೊಡನೆ ಇಕ್ಕಟ್ಟಾದ ಸಂದಿಗೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಸಿಕ್ಕಿಬಿದ್ದ ಎಣ್ಣೆ ಒತ್ತಡಗೊಂಡು ಹೊರೆಯನ್ನು ಎತ್ತಿ ಹಿಡಿಯುತ್ತದೆ. 1886ರಲ್ಲಿ ಆಸ್‌ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ಸಮೀಕರಣವನ್ನು ಕೊಟ್ಟನು. ಎಂದ ಮೇಲೆ, ಸುಸ್ಥಿತಿಯಲ್ಲಿ ಓಡುತ್ತಿರುವ ಎಂಜಿನಿನಲ್ಲಿ ವಕ್ರದಂಡವು ಬೇರಿಂಗನ್ನು ಮುಟ್ಟುವುದೇ ಇಲ್ಲ. ಮಿಲಿಮೀಟರಿನ ಸಾವಿರದಲ್ಲೊಂದೆರಡು ಪಾಲು ದಪ್ಪದ ಎಣ್ಣೆಯ ಪದರದ ಮೇಲೆ ಅದು ತೇಲುತ್ತಿರುತ್ತದೆ.

ಈ ಪದರದ ದಪ್ಪವನ್ನು ನಿರ್ಣಯಿಸುವ ಅಂಶಗಳು ಮುಖ್ಯವಾಗಿ ಮೂರು: ತಿರುಗುವ ವೇಗ, ಹೊರೆ ಮತ್ತು ಎಣ್ಣೆಯ ಸ್ನಿಗ್ಧತೆ. ಸ್ನಿಗ್ಧತೆ ಎಂದರೆ ದ್ರವವು ಹರಿಯಲು ಒಡ್ಡುವ ತಡೆ. ಇದು ಸಾಂದ್ರತೆಯಲ್ಲ, ತೂಕವೂ ಅಲ್ಲ. ಅಂಗಡಿಗಳಲ್ಲಿ "ವೆಯ್ಟ್" ಎಂದು ಕರೆಯುವ ರೂಢಿಯುಂಟು. ಆ ಮಾತನ್ನು ಮರೆತುಬಿಡುವುದೇ ಒಳ್ಳೆಯದು. ನೀರಿನ ಮೇಲೆ ತೇಲುವ ಹರಳೆಣ್ಣೆ ನೀರಿಗಿಂತ ಹಗುರ, ಆದರೂ ಅದರ ಸ್ನಿಗ್ಧತೆ ನೀರಿನದಕ್ಕಿಂತ ನೂರಾರು ಪಾಲು ಹೆಚ್ಚು.

ಸ್ನಿಗ್ಧತೆಯ ಸ್ವಭಾವದಲ್ಲಿ ಒಂದು ತೊಡಕಿದೆ. ಅದು ಉಷ್ಣತೆಯೊಡನೆ ಅತಿ ಶೀಘ್ರವಾಗಿ ಇಳಿಯುತ್ತದೆ. ಹರಳೆಣ್ಣೆಯ ಸ್ನಿಗ್ಧತೆ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 986 ಸೆಂಟಿಪಾಯ್ಸ್, 30 ಡಿಗ್ರಿಯಲ್ಲಿ 451, 40 ಡಿಗ್ರಿಯಲ್ಲಿ 231. ಪ್ರತಿ ಹತ್ತು ಡಿಗ್ರಿಗೂ ಅರ್ಧಕ್ಕೆ ಇಳಿಯುತ್ತದೆ ಎಂದರೆ ತಪ್ಪಾಗಲಾರದು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಎತ್ತರವಾದ ಗಾಜಿನ ನಳಿಗೆಯಲ್ಲಿ ಹರಳೆಣ್ಣೆ ತುಂಬಿ, ಸೈಕಲ್ ಬೇರಿಂಗಿನ ಉಕ್ಕಿನ ಗುಂಡೊಂದನ್ನು ಮೆಲ್ಲನೆ ಬಿಟ್ಟು, ಅದು ತಳ ಸೇರಲು ತೆಗೆದುಕೊಳ್ಳುವ ಕಾಲವನ್ನು ಗುರುತಿಸಿಕೊಳ್ಳಿ. ಬಳಿಕ ನಳಿಗೆಯನ್ನು ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನಿಲ್ಲಿಸಿ ಮತ್ತೊಮ್ಮೆ ಬಿಡಿ. ಗುಂಡು ಎಷ್ಟು ಅವಸರದಿಂದ ಇಳಿಯುತ್ತದೆಂಬುದನ್ನು ಒಮ್ಮೆ ನೋಡಿದವರು ಮರೆಯಲಾರರು.

ಎಂಜಿನಿನ ಎಣ್ಣೆಗೂ ಇದೇ ಪಾಡು. ನಸುಕಿನಲ್ಲಿ 16 ಡಿಗ್ರಿಯಲ್ಲಿರುವ ಎಣ್ಣೆ ಅರ್ಧ ಗಂಟೆಯೊಳಗೆ 90-100 ಡಿಗ್ರಿಗೆ ಏರುತ್ತದೆ. ತಣ್ಣಗಿರುವಾಗ ಬೇಗ ಹರಿದು ಮೇಲಿನ ಭಾಗಗಳನ್ನು ತಲಪಬೇಕು, ಬಿಸಿಯಾದಾಗ ನೀರಾಗಬಾರದು. ಡಬ್ಬಿಯ ಮೇಲಿನ "15ಡಬ್ಲ್ಯು-40" ಎಂಬ ಬರಹದ ಗುಟ್ಟು ಇದೇ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು 1911ರಲ್ಲಿ ಆರಂಭಿಸಿದ ವರ್ಗೀಕರಣ ಇದರ ಮೂಲ. "ಡಬ್ಲ್ಯು" ಎಂದರೆ ಚಳಿಗಾಲ. 15ಡಬ್ಲ್ಯು ಎಣ್ಣೆಯು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಎಂಜಿನು ತಿರುಗಲು ಅಡ್ಡಿಯಾಗದಷ್ಟು ತೆಳುವಾಗಿರಬೇಕು. 5ಡಬ್ಲ್ಯು ಆದರೆ 30 ಡಿಗ್ರಿ ಕೆಳಗೂ ಹಾಗಿರಬೇಕು. ಎರಡನೆಯ ಸಂಖ್ಯೆ 100 ಡಿಗ್ರಿಯಲ್ಲಿನ ಸ್ನಿಗ್ಧತೆಗೆ ಸಂಬಂಧಿಸಿದ್ದು: 30ರ ವರ್ಗಕ್ಕೆ 9.3ರಿಂದ 12.5 ಸೆಂಟಿಸ್ಟೋಕ್ಸ್, 40ಕ್ಕೆ 12.5ರಿಂದ 16.3, 50ಕ್ಕೆ 16.3ರಿಂದ 21.9. ಬಿಸಿಯಾದಂತೆ ಎಣ್ಣೆ 15ರಿಂದ 40ಕ್ಕೆ ದಪ್ಪವಾಗುತ್ತದೆಂದು ಭಾವಿಸುವವರುಂಟು, ಅದು ತಪ್ಪು. ಎಲ್ಲ ಎಣ್ಣೆಯೂ ಬಿಸಿಗೆ ತೆಳುವಾಗುತ್ತದೆ. ಇದರಲ್ಲಿ ಬೆರೆಸಿರುವ ಪಾಲಿಮರುಗಳ ಉದ್ದನೆಯ ಅಣುಸರಪಳಿಗಳು ಕಾವಿಗೆ ಅರಳಿಕೊಂಡು, ತೆಳುವಾಗುವ ವೇಗವನ್ನು ತಗ್ಗಿಸುತ್ತವೆ, ಅಷ್ಟೆ.

ಇನ್ನು ನಮ್ಮ ಊರಿಗೆ ಬರೋಣ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿಯಲ್ಲಿ 7.8 ಡಿಗ್ರಿ, ಅತಿ ಹೆಚ್ಚು 2016ರ ಏಪ್ರಿಲಿನಲ್ಲಿ 39.2. ಕಾಶ್ಮೀರದ ಚಾಲಕನಿಗೆ ಮುಖ್ಯವಾಗುವ ಮೊದಲ ಸಂಖ್ಯೆಯ ಮೇಲೆ ಅರಿಶಿನಕುಂಟೆಯವನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಚಳಿಯ ಮಟ್ಟಿಗೆ 15ಡಬ್ಲ್ಯು ಇಲ್ಲಿ ಧಾರಾಳವಾಗಿ ಸಾಕು. ಎರಡನೆಯ ಸಂಖ್ಯೆಯಲ್ಲಿಯೇ ವಿಚಾರವಿರುವುದು. "ಹೊರೆ ಹೆಚ್ಚು, ಘಟ್ಟ ಹತ್ತಬೇಕು, ಆದುದರಿಂದ ದಪ್ಪ ಎಣ್ಣೆ ಹಾಕು" ಎಂಬ ಸಲಹೆ ರಸ್ತೆಬದಿಯ ಗ್ಯಾರೇಜುಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಹೊರೆ ಹೆಚ್ಚಿದಷ್ಟೂ, ಕಾವು ಏರಿದಷ್ಟೂ ಪದರ ತೆಳುವಾಗುತ್ತದೆಂಬುದು ದಿಟ. ಆದರೆ ಎಂಜಿನನ್ನು ರಚಿಸಿದವರು ಬೇರಿಂಗಿನ ಸಂದಿ, ಪಂಪಿನ ಶಕ್ತಿ, ಎಣ್ಣೆದಾರಿಗಳ ಅಗಲ ಇವೆಲ್ಲವನ್ನೂ ಒಂದು ಗೊತ್ತಾದ ಸ್ನಿಗ್ಧತೆಗೆ ಹೊಂದಿಸಿರುತ್ತಾರೆ. ಪೂರ್ಣ ಹೊರೆಯನ್ನು ಅವರು ಮೊದಲೇ ಲೆಕ್ಕ ಹಾಕಿರುತ್ತಾರೆ.

5ಡಬ್ಲ್ಯು-30 ಬೇಕೆಂದು ಕೈಪಿಡಿ ಹೇಳಿರುವ ಎಂಜಿನಿಗೆ 20ಡಬ್ಲ್ಯು-50 ಸುರಿದರೆ ಏನಾಗುತ್ತದೆ? 40 ಡಿಗ್ರಿಯಲ್ಲಿ ಮೊದಲನೆಯದರ ಸ್ನಿಗ್ಧತೆ ಸಾಮಾನ್ಯವಾಗಿ 70 ಸೆಂಟಿಸ್ಟೋಕ್ಸ್ ಆಸುಪಾಸು, ಎರಡನೆಯದರದು 160ಕ್ಕೂ ಮೇಲೆ. ಬೆಳಗ್ಗೆ ಚಾಲೂ ಮಾಡಿದಾಗ ಎಣ್ಣೆ ಮೇಲೆ ತಲಪಲು ತಡವಾಗುತ್ತದೆ. ಸೋಸುಕದ ಮೂಲಕ ಅಷ್ಟು ದಪ್ಪ ಎಣ್ಣೆ ಹಾಯಲಾರದೆ ಪಕ್ಕದ ಕವಾಟ ತೆರೆದುಕೊಂಡು, ಸೋಸದ ಎಣ್ಣೆಯೇ ಬೇರಿಂಗಿಗೆ ಹೋಗಬಹುದು. ಒತ್ತಡ ಹೆಚ್ಚಿತೆಂದು ಚಾಲಕನು ಹಿಗ್ಗುತ್ತಾನೆ; ಆದರೆ ಒತ್ತಡ ಹೆಚ್ಚಿತೆಂದರೆ ಹರಿವು ಹೆಚ್ಚಿತೆಂದಲ್ಲ, ತಡೆ ಹೆಚ್ಚಿತೆಂದು. ಟರ್ಬೊ ಇರುವ ಎಂಜಿನಿನಲ್ಲಿ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಆ ಪುಟ್ಟ ದಂಡಕ್ಕೆ ಹರಿಯುವ ಎಣ್ಣೆಯೇ ಜೀವ. ಕಾವನ್ನು ಹೊತ್ತೊಯ್ಯುವುದೂ ಅದೇ. ಮೇಲಾಗಿ ದಪ್ಪ ಎಣ್ಣೆ ತನ್ನ ಒಳಘರ್ಷಣೆಯಿಂದಲೇ ಹೆಚ್ಚು ಬಿಸಿಯಾಗಿ, ತಾನು ಗಳಿಸಿದ ದಪ್ಪದ ಒಂದು ಭಾಗವನ್ನು ತಾನೇ ಕಳೆದುಕೊಳ್ಳುತ್ತದೆ. ಕೈಪಿಡಿಯಲ್ಲಿ 15ಡಬ್ಲ್ಯು-40 ಎಂದಿದ್ದರೆ ಅದು, 5ಡಬ್ಲ್ಯು-30 ಎಂದಿದ್ದರೆ ಅದು. ಹವೆಗೆ ತಕ್ಕಂತೆ ಎರಡು ಮೂರು ವರ್ಗಗಳನ್ನು ಕೈಪಿಡಿಯೇ ಅನುಮತಿಸಿದ್ದರೆ, ಸವೆದ ಹಳೆಯ ಎಂಜಿನಿಗೂ ಘಟ್ಟದ ದುಡಿಮೆಗೂ ಅವುಗಳಲ್ಲಿ ದಪ್ಪನೆಯದನ್ನು ಆರಿಸುವುದು ಯುಕ್ತ.

ದಪ್ಪದಷ್ಟೇ ಮುಖ್ಯವಾದುದು ಎಣ್ಣೆಯ ರಾಸಾಯನಿಕ ಗುಣಮಟ್ಟ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಆರನೆಯ ಹಂತದ ನಿಯಮಕ್ಕೆ ಒಳಪಟ್ಟ ಡೀಸೆಲ್ ಪಿಕಪ್ಪುಗಳಲ್ಲಿ ಬಹುಮಟ್ಟಿಗೆ ಹೊಗೆಯ ಮಸಿಯನ್ನು ಹಿಡಿಯುವ ಸೋಸುಕವಿರುತ್ತದೆ. ಹಳೆಯ ಬಗೆಯ ಎಣ್ಣೆಯಲ್ಲಿರುವ ಲೋಹಲವಣಗಳು ಉರಿದಾಗ ಬೂದಿಯಾಗಿ ಈ ಸೋಸುಕವನ್ನು ಕಟ್ಟಿಬಿಡುತ್ತವೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಆದುದರಿಂದ ಇಂಥ ವಾಹನಕ್ಕೆ ಬೂದಿ ಕಡಿಮೆಯಿರುವ, ಸಿಕೆ-4 ಅಥವಾ ಸಿ3 ಮುಂತಾಗಿ ಕೈಪಿಡಿ ಸೂಚಿಸಿದ ಗುರುತಿನ ಎಣ್ಣೆಯೇ ಬೇಕು. ದಪ್ಪ ಒಂದೇ ಆಗಿದ್ದರೂ ಗುರುತು ಬೇರೆಯಾದರೆ ಅದು ಬೇರೆಯ ಎಣ್ಣೆ.

ಇನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಎಣ್ಣೆ ಸವೆಯುವುದಿಲ್ಲ, ಕೊಳೆಯಾಗುತ್ತದೆ ಎಂಬ ಮಾತು ಭಾಗಶಃ ಮಾತ್ರ ನಿಜ. ಕಾವಿನಲ್ಲಿ ಅದು ಆಮ್ಲಜನಕದೊಡನೆ ಕೂಡಿ ಕೆಡುತ್ತದೆ. ಪಾಲಿಮರು ಸರಪಳಿಗಳು ಹಲ್ಲುಚಕ್ರಗಳ ನಡುವೆ ತುಂಡಾಗುತ್ತವೆ. ಆಮ್ಲಗಳನ್ನು ತಟಸ್ಥಗೊಳಿಸಲು ಬೆರೆಸಿದ ಕ್ಷಾರ ಖರ್ಚಾಗುತ್ತದೆ. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲಿನಲ್ಲಿ ಶೇಕಡ 1ರಷ್ಟು ಗಂಧಕವಿರಲು ಅವಕಾಶವಿದ್ದಿತು. ಈಗಿನ ಮಿತಿ ಅದರ ಸಾವಿರದಲ್ಲೊಂದು ಪಾಲು, ಅಂದರೆ ಹತ್ತು ಲಕ್ಷಕ್ಕೆ 10 ಭಾಗ. ಗಂಧಕಾಮ್ಲದ ಕಾಟ ಇಳಿದಿದೆ. 5,000 ಕಿಲೋಮೀಟರಿಗೆ ಎಣ್ಣೆ ಬದಲಿಸುತ್ತಿದ್ದ ಹಿರಿಯರ ರೂಢಿಯನ್ನು ಇಂದಿನ ಕೈಪಿಡಿಗಳು ಹಿಗ್ಗಿಸಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಕಿಲೋಮೀಟರನ್ನೇ ನೆಚ್ಚಿದರೆ ಮೋಸ ಹೋಗುವ ಸಂಭವವಿದೆ. ಕೈಪಿಡಿ 10,000 ಕಿಲೋಮೀಟರ್ ಹೇಳುತ್ತದೆ ಎನ್ನೋಣ. ಹೆದ್ದಾರಿಯಲ್ಲಿ ಗಂಟೆಗೆ 50ರ ಸರಾಸರಿಯಲ್ಲಿ ಓಡುವ ವಾಹನ ಇದನ್ನು 200 ಗಂಟೆಗಳಲ್ಲಿ ಮುಗಿಸುತ್ತದೆ. ಪೀಣ್ಯದ ದಟ್ಟಣೆಯಲ್ಲಿ 16ರ ಸರಾಸರಿಯಲ್ಲಿ ತೆವಳುವ ವಾಹನಕ್ಕೆ 625 ಗಂಟೆಗಳು ಬೇಕು. 2021ರ ಡಿಸೆಂಬರಿನ ಕೊನೆಯಲ್ಲಿ ಪೀಣ್ಯದ ಮೇಲುಸೇತುವೆಯನ್ನು ದುರಸ್ತಿಗಾಗಿ ಮುಚ್ಚಿದಾಗ ಕೆಳಗಿನ ರಸ್ತೆಯಲ್ಲಿ ನಿಂತು ಗುರುಗುಟ್ಟುತ್ತಿದ್ದ ಎಂಜಿನುಗಳ ಕಿಲೋಮೀಟರು ಮಾಪಕ ಮಿಸುಕಲಿಲ್ಲ, ಎಣ್ಣೆ ಮಾತ್ರ ದುಡಿಯುತ್ತಲೇ ಇದ್ದಿತು. ಇದಕ್ಕಿಂತ ನಂಬಲರ್ಹವಾದ ಅಳತೆಯೆಂದರೆ ಉರಿದ ಇಂಧನ. ಲೀಟರಿಗೆ 12 ಕಿಲೋಮೀಟರ್ ಓಡುವ ವಾಹನ 10,000 ಕಿಲೋಮೀಟರಿಗೆ ಸುಮಾರು 833 ಲೀಟರ್ ಡೀಸೆಲ್ ಉರಿಸುತ್ತದೆ. ಭಾರ ಹೇರಿ ಲೀಟರಿಗೆ 8ರಂತೆ ಓಡಿದರೆ ಅಷ್ಟೇ ಡೀಸೆಲು 6,660 ಕಿಲೋಮೀಟರಿಗೇ ಮುಗಿಯುತ್ತದೆ. ಅಂಥ ವಾಹನಕ್ಕೆ ಅಲ್ಲಿಯೇ ಎಣ್ಣೆ ಬದಲಿಸುವುದು ವಿವೇಕ. ಪಂಪಿನ ರಸೀತಿಗಳನ್ನು ಕೂಡಿಟ್ಟವನು ಈ ಲೆಕ್ಕವನ್ನು ಎರಡು ನಿಮಿಷದಲ್ಲಿ ಮಾಡಬಹುದು.

ಅಲ್ಪದೂರದ ಓಡಾಟವೂ ಎಣ್ಣೆಗೆ ಶತ್ರು. ಒಂದು ಲೀಟರು ಡೀಸೆಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರು ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಹೊಗೆಯೊಡನೆ ಹೋಗುತ್ತದೆ. ಉಂಗುರಗಳ ಸಂದಿಯಿಂದ ಕೆಳಗೆ ನುಸುಳಿದ್ದು ತಣ್ಣನೆಯ ಎಂಜಿನಿನಲ್ಲಿ ನೀರಾಗಿ ಎಣ್ಣೆಗೆ ಬೆರೆಯುತ್ತದೆ. ಉಗ್ರಾಣದಿಂದ ಉಗ್ರಾಣಕ್ಕೆ ಮೂರು ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ವಾಹನದಲ್ಲಿ ಎಣ್ಣೆ ಈ ನೀರನ್ನು ಆವಿಯಾಗಿಸುವಷ್ಟು ಬಿಸಿಯಾಗುವುದೇ ಇಲ್ಲ. ಹೊಸ ವಾಹನಗಳಲ್ಲಿ ಇನ್ನೊಂದು ತೊಂದರೆಯಿದೆ. ಮಸಿಸೋಸುಕವನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಡಲು ಹಲವು ಎಂಜಿನುಗಳು ಸಿಲಿಂಡರಿಗೇ ಹೆಚ್ಚಿನ ಡೀಸೆಲನ್ನು ತಡವಾಗಿ ಚಿಮ್ಮುತ್ತವೆ; ಅದರಲ್ಲಿ ಸ್ವಲ್ಪ ಗೋಡೆಗುಂಟ ಜಾರಿ ಎಣ್ಣೆತೊಟ್ಟಿಗೆ ಇಳಿಯುತ್ತದೆ. ಈ ಸುಡುವ ಕ್ರಿಯೆ ನಡುವೆಯೇ ನಿಂತು ಮತ್ತೆ ಮತ್ತೆ ಆರಂಭವಾದಷ್ಟೂ ಎಣ್ಣೆ ತೆಳುವಾಗುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆ ಕಡಿಮೆಯಾದರೆ ಎಲ್ಲರೂ ಗಾಬರಿಪಡುತ್ತಾರೆ. ಸುರಿಯದೆಯೇ ಎಣ್ಣೆಯ ಮಟ್ಟ ಏರಿದರೆ ಅದಕ್ಕಿಂತ ಹೆಚ್ಚು ಗಾಬರಿಪಡಬೇಕು.

ಕಡ್ಡಿಯನ್ನು ನೋಡುವಾಗ ವಾಹನ ಸಮನೆಲದಲ್ಲಿರಲಿ. ಎಂಜಿನು ನಿಂತು ಹತ್ತು ನಿಮಿಷವಾಗಿರಲಿ. ಬಣ್ಣವನ್ನು ನೋಡಿ ತೀರ್ಪು ಕೊಡಬೇಡಿ. ಡೀಸೆಲ್ ಎಂಜಿನಿನ ಎಣ್ಣೆ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಗಸಿಯಾಗಿ ತಳಕ್ಕಿಳಿಯಗೊಡದೆ ತನ್ನೊಳಗೆ ತೇಲಿಸಿಕೊಂಡಿದೆಯೆಂಬುದೇ ಅದರ ಅರ್ಥ. ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ ಮಾತ್ರ ನೀರು ಸೇರಿದೆಯೆಂದು ತಿಳಿದು ಎಂಜಿನನ್ನು ಅಲ್ಲಿಯೇ ನಿಲ್ಲಿಸಬೇಕು. ಎಣ್ಣೆ ಬದಲಿಸುವಾಗ ಸೋಸುಕವನ್ನೂ ಬದಲಿಸತಕ್ಕದ್ದು. ಓಡಾಟ ಎಷ್ಟೇ ಕಡಿಮೆಯಿದ್ದರೂ ವರ್ಷಕ್ಕೊಮ್ಮೆಯಾದರೂ ಬದಲಿಸುವುದು ವಾಡಿಕೆ.

ಹೊರತೆಗೆದ ಎಣ್ಣೆಯನ್ನು ಚರಂಡಿಗೋ ಕುಂಟೆಯ ಬದಿಗೋ ಸುರಿಯುವುದನ್ನು ಕಂಡಿದ್ದೇನೆ. ಅದರಲ್ಲಿ ಸವೆದ ಲೋಹದ ಪುಡಿಯೂ ಅರೆಸುಟ್ಟ ಇಂಧನವೂ ಇರುತ್ತವೆ. ಕಾನೂನಿನ ದೃಷ್ಟಿಯಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಈ ತಾಲ್ಲೂಕಿನಲ್ಲಿ ಹರಿಯುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ, ಅಲ್ಲಿಯ ಜಲಾಶಯವನ್ನು ಕಟ್ಟಿದ್ದು ಬೆಂಗಳೂರಿಗೆ ಕುಡಿಯುವ ನೀರಿಗಾಗಿ. ಹಳೆಯ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಪರವಾನಗಿ ಪಡೆದ ಸಂಗ್ರಾಹಕರಿಗೆ ಒಪ್ಪಿಸುವ ಗ್ಯಾರೇಜಿಗೆ ಕೊಡಬೇಕು. ಶುದ್ಧೀಕರಿಸಿದರೆ ಅದರಿಂದ ಮತ್ತೆ ಮೂಲ ಎಣ್ಣೆಯನ್ನು ತೆಗೆಯಲು ಬರುತ್ತದೆ.