ಒಂದೇ ಕಾವಲಿ, ಮನೆಮಂದಿಗೆಲ್ಲ ತಿಂಡಿ

ಬೆಳಗಿನ ಆರು ಗಂಟೆ. ಪುಟ್ಟಿಯ ಅವ್ವ ಒಲೆ ಹೊತ್ತಿಸಿದಳು. ಅವಳಿಗೆ ದಿನಾ ಎರಡು ಬಗೆ ತಿಂಡಿಯ ಕೆಲಸ. ಗಂಡನಿಗೆ, ಮಕ್ಕಳಿಗೆ ಚಿತ್ರಾನ್ನ. ಅತ್ತೆಗೆ ರಾಗಿ ಅಂಬಲಿ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ.

ಅಜ್ಜಿ ಅಂಬಲಿ ಲೋಟ ನೋಡಿದರು. ಮುಖ ಸಣ್ಣ ಮಾಡಿದರು.

"ಎಲ್ಲರಿಗೂ ಒಂದು, ನನಗೇ ಒಂದಾ? ನಾನೇನು ಹೊರಗಿನೋಳಾ ಅಮ್ಮಿ?"

"ಹಂಗಲ್ಲ ಅತ್ತೆ. ನಿಮ್ಮ ಒಳ್ಳೇದಕ್ಕೇ ಕಣತ್ತೆ."

ಅವ್ವ ನೀರು ತರಲು ಹೋದಳು. ಪುಟ್ಟಿ ತನ್ನ ತಟ್ಟೆಯನ್ನು ಅಜ್ಜಿಯ ಮುಂದೆ ಸರಿಸಿದಳು. ಅಜ್ಜಿ ಚಿತ್ರಾನ್ನ ತಿಂದರು. ಪುಟ್ಟಿ ಬರೀ ಹೊಟ್ಟೆಯಲ್ಲಿ ಶಾಲೆಗೆ ಹೋದಳು.

ಶಾಲೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಪುಟ್ಟಿಗೆ ತಲೆ ಸುತ್ತಿತು. ಕುಸಿದು ಕುಳಿತಳು. ಟೀಚರಮ್ಮ ಅವಳನ್ನು ಮನೆಗೆ ಕರೆತಂದರು.

"ತಿಂಡಿ ತಿಂದಿಲ್ವೇನೇ?" ಎಂದು ಅವ್ವ ಗದರಿದಳು.

ಪುಟ್ಟಿ ಅತ್ತಳು. "ಅಜ್ಜಿಗೆ ಹಸಿವು ಅವ್ವಾ. ದಿನಾ ಹಸಿವು ಅಂತಾರೆ. ಅದಕ್ಕೇ ಕೊಟ್ಟೆ" ಎಂದಳು.

ಅವ್ವ ಸುಮ್ಮನಾದಳು. ಅಜ್ಜಿ ಕಣ್ಣು ಒರೆಸಿಕೊಂಡರು. ಅವರ ಕಾಲಿನ ಬೆರಳಲ್ಲಿ ಒಂದು ಗಾಯ ಇತ್ತು. ಹದಿನೈದು ದಿನವಾದರೂ ಅದು ಮಾಗಿರಲಿಲ್ಲ.

ಮರುದಿನ ಅತ್ತೆ ಸೊಸೆ ಸರ್ಕಾರಿ ಆಸ್ಪತ್ರೆಗೆ ಹೋದರು. ನರ್ಸಮ್ಮ ಬೆರಳು ಚುಚ್ಚಿ ರಕ್ತ ನೋಡಿದರು. ತಿಂಡಿ ತಿಂದು ಎರಡು ಗಂಟೆ ಆಗಿತ್ತು. ಸಕ್ಕರೆ 286 ಇತ್ತು. ಡಾಕ್ಟರು ಗಾಯ ನೋಡಿ ಔಷಧಿ ಹಾಕಿಸಿದರು. ಮಾತ್ರೆ ಬರೆದುಕೊಟ್ಟರು.

"ಬೆಳಿಗ್ಗೆ ಏನು ತಿಂತೀರವ್ವ?" ಎಂದು ನರ್ಸಮ್ಮ ಕೇಳಿದರು.

"ನಾನು ಅನ್ನ ಕೊಡೋದಿಲ್ಲ. ರಾಗಿ ಅಂಬಲಿ ಕೊಡ್ತೀನಿ. ರಾಗೀಲಿ ಸಕ್ಕರೆ ಇಲ್ಲ ಅಲ್ವಾ?" ಎಂದಳು ಸೊಸೆ.

ನರ್ಸಮ್ಮ ಹೇಳಿದರು:

"ರಾಗಿ ಒಳ್ಳೇದೇ. ಅದರಲ್ಲಿ ಸುಣ್ಣದ ಸತ್ವ ಇದೆ. ಮಕ್ಕಳ ಮೂಳೆಗೆ ಬೇಕು. ಆದರೆ ರಾಗಿಯಲ್ಲೂ ಪಿಷ್ಟ ಇದೆ. ಬಟ್ಟೆಗೆ ಅನ್ನದ ಗಂಜಿ ಹಾಕಿದರೆ ಗರಿಗರಿ ಆಗುತ್ತಲ್ಲ, ಆ ಗಂಜಿಯಲ್ಲಿ ಇರೋದೇ ಪಿಷ್ಟ. ಅದು ಹೊಟ್ಟೆಯಲ್ಲಿ ಅರಗಿ ಸಕ್ಕರೆ ಆಗುತ್ತೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ. ರಾಗಿಯಲ್ಲಿ ಸುಮಾರು 70 ಗ್ರಾಂ. ಹೆಚ್ಚು ವ್ಯತ್ಯಾಸ ಇಲ್ಲ. ಅಂಬಲಿ ತೆಳ್ಳಗೆ ಇರುತ್ತೆ. ಬೇಗ ಅರಗುತ್ತೆ. ರಕ್ತದಲ್ಲಿ ಸಕ್ಕರೆ ಬೇಗ ಏರುತ್ತೆ. ಬೇಗ ಹಸಿವೂ ಆಗುತ್ತೆ."

"ಹಂಗಾದ್ರೆ ಏನು ಕೊಡಲಿ?"

"ಕಾಳು ಕೊಡಿ. ಸೊಪ್ಪು ಕೊಡಿ. ಮೊಟ್ಟೆ ತಿನ್ನೋರಾದರೆ ಮೊಟ್ಟೆ ಕೊಡಿ. 100 ಗ್ರಾಂ ಹೆಸರುಕಾಳಿನಲ್ಲಿ ಮೈ ಕಟ್ಟುವ ಸತ್ವ 22 ಗ್ರಾಂಗಿಂತ ಹೆಚ್ಚು. ಇದನ್ನೇ ಪ್ರೋಟೀನು ಅನ್ನೋದು. ಅಕ್ಕಿಯಲ್ಲಿ ಅದು ಏಳೆಂಟು ಗ್ರಾಂ ಅಷ್ಟೇ. ಕಾಳಿನಲ್ಲೂ ಪಿಷ್ಟ ಇದೆ. ಆದರೆ ಅಕ್ಕಿಗಿಂತ ಕಡಿಮೆ. ನಾರು ಹೆಚ್ಚು. ನಿಧಾನವಾಗಿ ಅರಗುತ್ತೆ. ಹೊಟ್ಟೆ ಹೆಚ್ಚು ಹೊತ್ತು ತಡೆಯುತ್ತೆ. ಮೊಟ್ಟೆಯಲ್ಲಿ ಪಿಷ್ಟ ಇಲ್ಲ ಅಂದರೂ ಸರಿ. ಅವರಿಗೆ ಅಂತ ಬೇರೆ ಮಾಡಬೇಡಿ. ಇದು ಮಕ್ಕಳಿಗೂ ಒಳ್ಳೇದು. ಒಂದೇ ತಿಂಡಿ ಮಾಡಿ, ಎಲ್ಲರೂ ಕೂತು ತಿನ್ನಿ. ಬಡಿಸುವಾಗ ಅಳತೆ ಮಾತ್ರ ಬೇರೆ ಇರಲಿ."

ಹೆಸರುಕಾಳಿನ ದೋಸೆ

ಬೇಕಾದ ಸಾಮಾನು: ಹೆಸರುಕಾಳು 2 ಲೋಟ. ಅಕ್ಕಿ 1 ಹಿಡಿ. ಹಸಿಮೆಣಸಿನಕಾಯಿ 3. ಶುಂಠಿ ಒಂದು ತುಂಡು. ಜೀರಿಗೆ 1 ಚಮಚ. ಈರುಳ್ಳಿ 2. ಒಂದು ಹಿಡಿ ನುಗ್ಗೆಸೊಪ್ಪು. ರುಚಿಗೆ ಉಪ್ಪು.

ಮಾಡುವ ಕ್ರಮ:
1. ರಾತ್ರಿ ಮಲಗುವ ಮುಂಚೆ ಕಾಳು, ಅಕ್ಕಿ ತೊಳೆದು ನೆನೆಹಾಕಿ.
2. ಬೆಳಿಗ್ಗೆ ಮೆಣಸಿನಕಾಯಿ, ಶುಂಠಿ, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ. ಹಿಟ್ಟು ಹುಳಿ ಬರುವವರೆಗೆ ಕಾಯಬೇಕಾಗಿಲ್ಲ.
3. ಈರುಳ್ಳಿ, ಸೊಪ್ಪು ಸಣ್ಣಗೆ ಹೆಚ್ಚಿ ಹಿಟ್ಟಿಗೆ ಹಾಕಿ.
4. ಕಾದ ಕಾವಲಿಗೆ ಸ್ವಲ್ಪ ಎಣ್ಣೆ ಸವರಿ. ದೋಸೆ ಹುಯ್ಯಿರಿ. ಎರಡೂ ಕಡೆ ಬೇಯಿಸಿ.

ಮಕ್ಕಳಿಗೆ ಖಾರ ಬೇಡವೆ? ಮೆಣಸಿನಕಾಯಿ ಹಾಕದೆ ರುಬ್ಬಿ. ಮಕ್ಕಳ ದೋಸೆ ಮೊದಲು ಹುಯ್ಯಿರಿ. ಆಮೇಲೆ ಉಳಿದ ಹಿಟ್ಟಿಗೆ ಮೆಣಸಿನಕಾಯಿ ಹೆಚ್ಚಿ ಹಾಕಿ.

ಯಾರಿಗೆ ಎಷ್ಟು?

ಅಜ್ಜಿಗೆ: ಎರಡು ದೋಸೆ. ಜೊತೆಗೆ ಸೊಪ್ಪಿನ ಪಲ್ಯ, ಹುಚ್ಚೆಳ್ಳಿನ ಚಟ್ನಿ. ಟೀಗೆ ಸಕ್ಕರೆ ಬೇಡ. ಬೆಲ್ಲವೂ ಬೇಡ.

ಮಕ್ಕಳಿಗೆ: ಹಸಿವು ನೀಗುವಷ್ಟು ದೋಸೆ. ಒಂದು ಲೋಟ ಹಾಲು. ಒಂದು ಬಾಳೆಹಣ್ಣು. ಬೆಳೆಯುವ ಮಕ್ಕಳಿಗೆ ಅನ್ನ, ರಾಗಿ, ಹಣ್ಣು ಬೇಕೇ ಬೇಕು. ಅವನ್ನು ಪೂರ್ತಿ ಬಿಡಿಸಬಾರದು.

ಅವ್ವನಿಗೆ: ಅವ್ವನೂ ಎಲ್ಲರ ಜೊತೆ ಕೂತು ತಿನ್ನಬೇಕು. ಉಳಿದರೆ ತಿನ್ನುತ್ತೇನೆ ಎನ್ನಬಾರದು.

ಇನ್ನೂ ಕೆಲವು ತಿಂಡಿಗಳು

ಮೊಳಕೆ ಕಾಳಿನ ಉಸಲಿ: ಹೆಸರು ಅಥವಾ ಹುರುಳಿ ಮೊಳಕೆ ಕಟ್ಟಿ. ಬೇಯಿಸಿ ಒಗ್ಗರಣೆ ಹಾಕಿ. ಮೇಲೆ ನಿಂಬೆರಸ ಹಿಂಡಿ.

ಮೊಟ್ಟೆ ಪಲ್ಯ: ಈರುಳ್ಳಿ, ಟೊಮ್ಯಾಟೊ ಬಾಡಿಸಿ. ಮೊಟ್ಟೆ ಒಡೆದು ಹಾಕಿ ಕೈಯಾಡಿಸಿ. ಜೊತೆಗೆ ಅಜ್ಜಿಗೆ ಒಂದು ಸಣ್ಣ ರೊಟ್ಟಿ. ಮಕ್ಕಳಿಗೆ ಎರಡು.

ತರಕಾರಿ ಉಪ್ಪಿಟ್ಟು: ರವೆ ಒಂದು ಲೋಟವಾದರೆ ತರಕಾರಿ, ಕಾಳು ಎರಡು ಲೋಟ ಹಾಕಿ. ಮೇಲೆ ಹುರಿದ ಕಡಲೆಕಾಯಿ ಬೀಜ ಉದುರಿಸಿ.

ಎಚ್ಚರಿಕೆ

ತಿಂಡಿ ಬದಲಾಯಿತು ಎಂದು ಮಾತ್ರೆ ಬಿಡಬಾರದು. ಮಾತ್ರೆ ನುಂಗಿ ಉಪವಾಸವೂ ಇರಬಾರದು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಊಟ ಬದಲಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು ಕಾಳು ಎಷ್ಟು ತಿನ್ನಬೇಕು ಎಂದು ಕೇಳಿಕೊಳ್ಳಬೇಕು.

ಮೈ ಬೆವರಿ ಕೈ ನಡುಗಿದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡು ತಿಂಗಳು ಕಳೆಯಿತು. ಅಜ್ಜಿ ದಿನಾ ಮಾತ್ರೆ ನುಂಗಿದರು. ಗಾಯ ಮಾಗಿತು. ತಿಂಡಿ ತಿಂದ ಮೇಲೆ ಸಕ್ಕರೆ ನೋಡಿದರೆ 198 ಇತ್ತು.

"ಇನ್ನೂ ಇಳೀಬೇಕು. ಆದರೆ ದಾರಿ ಸರಿಯಾಗಿದೆ" ಎಂದರು ನರ್ಸಮ್ಮ.

ಈಗ ಅವ್ವನಿಗೆ ಬೆಳಿಗ್ಗೆ ಒಂದೇ ಅಡುಗೆ. ಪುಟ್ಟಿ ಹೊಟ್ಟೆ ತುಂಬಾ ತಿಂದು ಶಾಲೆಗೆ ಹೋಗುತ್ತಾಳೆ. ಅವಳ ತಮ್ಮ ಪುಟ್ಟ ಮಾತ್ರ ಮೊದಲು, "ಹಸಿರು ದೋಸೆ ಬೇಡ" ಎಂದು ಅತ್ತಿದ್ದ.

ಅಜ್ಜಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ನಾನು ತಿಂತೀನಿ, ನೀನೂ ತಿನ್ನು. ಯಾರು ಮೊದಲು ಮುಗಿಸ್ತಾರೋ ನೋಡೋಣ" ಎಂದರು.

ಪುಟ್ಟನೇ ಗೆದ್ದ.

ಅಭ್ಯಾಸ

ಅ) ಉತ್ತರ ಬರೆಯಿರಿ:
1. ಪುಟ್ಟಿಗೆ ಶಾಲೆಯಲ್ಲಿ ತಲೆ ಸುತ್ತಿದ್ದು ಏಕೆ?
2. ಅಂಬಲಿ ಕುಡಿದರೆ ಬೇಗ ಹಸಿವಾಗುವುದು ಏಕೆ?
3. ಮಕ್ಕಳಿಗೆ ಅನ್ನ, ರಾಗಿ ಪೂರ್ತಿ ಬಿಡಿಸಬಹುದೆ?

ಆ) ಬಿಟ್ಟ ಜಾಗ ತುಂಬಿರಿ:
1. ಪಿಷ್ಟ ಹೊಟ್ಟೆಯಲ್ಲಿ ಅರಗಿ ________ ಆಗುತ್ತದೆ.
2. ತಿಂಡಿ ಬದಲಾದರೂ ________ ಬಿಡಬಾರದು.

ಇ) ಮಾಡಿ ನೋಡಿ: ನಿಮ್ಮ ಮನೆಯಲ್ಲಿ ಈ ವಾರ ಮಾಡಿದ ತಿಂಡಿಗಳ ಹೆಸರು ಬರೆಯಿರಿ. ಕಾಳು, ಸೊಪ್ಪು, ಮೊಟ್ಟೆ ಎಷ್ಟು ದಿನ ಇತ್ತು? ಎಣಿಸಿ. ಮುಂದಿನ ವಾರ ಒಂದು ದಿನ ಹೆಚ್ಚಿಸಿ.