ಲಘುವಿನ ಬೆಲೆ ಎಷ್ಟು? ತಾಳದೊಳಗಿನ ಬೀಜಗಣಿತ

ಮಡಿಕೇರಿ ಕಡೆಯಿಂದ ಘಾಟಿ ಇಳಿದು ಮುಗಿಯುವಲ್ಲಿ ಸಂಪಾಜೆ ಸಿಗುತ್ತದೆ. ಊರಿನ ಒಂದು ಭಾಗ ಕೊಡಗಿಗೆ, ಇನ್ನೊಂದು ಭಾಗ ಸುಳ್ಯ ತಾಲೂಕಿಗೆ. ಮನೆಯಲ್ಲಿ ಅರೆಭಾಷೆ, ತುಳು, ಕನ್ನಡ, ಮಲಯಾಳ ಯಾವುದೇ ಇರಲಿ, ಚೆಂಡೆಯ ಪೆಟ್ಟು ಮಾತ್ರ ಎಲ್ಲರ ಕಿವಿಗೂ ಪರಿಚಯ. ತೆಂಕುತಿಟ್ಟಿನ ಹೆಸರಾಂತ ವೇಷಧಾರಿ ಸಂಪಾಜೆ ಶೀನಪ್ಪ ರೈಗಳ ಹೆಸರಲ್ಲೇ ಈ ಊರು ಉಂಟು. ಇಂಥ ಕಡೆ ಬೆಳೆದ ಮಕ್ಕಳಿಗೆ ತಾಳ ಹಾಕಲು ಯಾರೂ ವಿಶೇಷವಾಗಿ ಕಲಿಸಬೇಕಾಗಿಲ್ಲ. ಭಾಗವತರು ಪದ್ಯ ಎತ್ತಿದರೆ ಸಾಕು, ಕೈ ತಾನಾಗಿಯೇ ತೊಡೆಯ ಮೇಲೆ ಬಡಿಯುತ್ತದೆ.

ಅದೇ ಮಗು ಎಂಟನೇ ಕ್ಲಾಸಿಗೆ ಬಂದಾಗ "ಈ ಎಕ್ಸ್ ಅಂದ್ರೆ ಎಂತದು?" ಅಂತ ಕೇಳುತ್ತದೆ. "ಅದೊಂದು ಗೊತ್ತಿಲ್ಲದ ಸಂಖ್ಯೆ" ಎಂದು ಉತ್ತರ ಕೊಡುತ್ತೇವೆ. ಗೊತ್ತಿಲ್ಲದ್ದನ್ನು ಕೂಡಿಸುವುದು ಹೇಗೆ, ಕಳೆಯುವುದು ಹೇಗೆ? ಗಣಿತ ಎಂದರೆ ಹೆದರಿಕೆ ಎಷ್ಟೋ ಮಕ್ಕಳಿಗೆ ಶುರುವಾಗುವುದು ಇಲ್ಲೇ. ಅಲ್ಲಿ ಬಿಟ್ಟ ಎಳೆಯನ್ನು ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಹುಡುಕುವ ಗೆಳೆಯರು ನಮ್ಮ ನಡುವೆಯೇ ಇದ್ದಾರೆ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಒಂದೇ ಮಾತು: ನಮ್ಮ ಕಡೆಯ ಮಗುವಿನ ಕೈಯಲ್ಲಿ ಆಗಲೇ ಒಂದು 'ಎಕ್ಸ್' ಉಂಟು. ಅದರ ಹೆಸರು ಲಘು.

ಏಳು ತಾಳ, ಒಂದು ಅಕ್ಷರ

ಕರ್ನಾಟಕ ಸಂಗೀತದ ಪಾಠಕ್ಕೆ ಹೋದವರು ಸಪ್ತತಾಳ ಅಲಂಕಾರಗಳನ್ನು ಹಾಡಿರುತ್ತಾರೆ. ಆರಂಭದ ಈ ಪಾಠಗಳನ್ನು ಕ್ರಮಪಡಿಸಿದವರು ಪುರಂದರದಾಸರು ಎಂಬುದು ಸಂಪ್ರದಾಯದ ಮಾತು. ಈ ತಾಳಗಳಿಗೆ ಮೂರೇ ಅಂಗಗಳು. ಅನುದ್ರುತ ಎಂದರೆ ಒಂದು ಪೆಟ್ಟು, 1 ಅಕ್ಷರ. ದ್ರುತ ಎಂದರೆ ಒಂದು ಪೆಟ್ಟು, ಒಂದು ಹುಸಿ, 2 ಅಕ್ಷರ. ಲಘು ಎಂದರೆ ಒಂದು ಪೆಟ್ಟು ಮತ್ತು ಬೆರಳೆಣಿಕೆ. ಅದಕ್ಕೆ ಎಷ್ಟು ಅಕ್ಷರ? ಸ್ವಾರಸ್ಯ ಇರುವುದೇ ಇಲ್ಲಿ. ಲಘುವಿನ ಬೆಲೆ ನಿಂತ ಬೆಲೆ ಅಲ್ಲ. ತಿಶ್ರ ಜಾತಿಯಲ್ಲಿ 3, ಚತುರಶ್ರದಲ್ಲಿ 4, ಖಂಡದಲ್ಲಿ 5, ಮಿಶ್ರದಲ್ಲಿ 7, ಸಂಕೀರ್ಣದಲ್ಲಿ 9.

ಲಘುವನ್ನು 'ಲ' ಎಂದು ಬರೆದುಕೊಂಡರೆ ಏಳು ತಾಳಗಳು ಹೀಗೆ ಕಾಣುತ್ತವೆ:

ಧ್ರುವ: ಲಘು, ದ್ರುತ, ಲಘು, ಲಘು = 3ಲ + 2
ಮಠ್ಯ: ಲಘು, ದ್ರುತ, ಲಘು = 2ಲ + 2
ರೂಪಕ: ದ್ರುತ, ಲಘು = ಲ + 2
ಝಂಪೆ: ಲಘು, ಅನುದ್ರುತ, ದ್ರುತ = ಲ + 3
ತ್ರಿಪುಟ: ಲಘು, ದ್ರುತ, ದ್ರುತ = ಲ + 4
ಅಟ: ಲಘು, ಲಘು, ದ್ರುತ, ದ್ರುತ = 2ಲ + 4
ಏಕ: ಲಘು = ಲ

ಏಳು ತಾಳ, ಐದು ಜಾತಿ, ಒಟ್ಟು 35 ತಾಳ. ಎಲ್ಲಕ್ಕಿಂತ ಚಿಕ್ಕದು ತಿಶ್ರ ಏಕ, 3 ಅಕ್ಷರ. ಎಲ್ಲಕ್ಕಿಂತ ದೊಡ್ಡದು ಸಂಕೀರ್ಣ ಧ್ರುವ, 3 × 9 + 2 = 29 ಅಕ್ಷರ. ಚತುರಶ್ರ ತ್ರಿಪುಟವೇ ಎಲ್ಲರಿಗೂ ಗೊತ್ತಿರುವ ಆದಿತಾಳ, 4 + 4 = 8.

ಇದು ಸಂಗೀತದವರ ಲೆಕ್ಕ, ಆಟದ ಮಕ್ಕಳಿಗೆ ಯಾಕೆ ಅಂತ ಕೇಳಬಹುದು. ಪ್ರಸಂಗದ ಪುಸ್ತಕ ತೆರೆದು ನೋಡಿ. ಪದ್ಯದ ತಲೆಯ ಮೇಲೆ ರಾಗದ ಜೊತೆ ತಾಳದ ಹೆಸರೂ ಇರುತ್ತದೆ: ಏಕ, ರೂಪಕ, ತ್ರಿವುಡೆ, ಝಂಪೆ, ಅಷ್ಟ. ಅವುಗಳ ಅಕ್ಷರ ಕ್ರಮವಾಗಿ 4, 6, 7, 10, 14. ಮೇಲಿನ ಪಟ್ಟಿಗೆ ಹೋಲಿಸಿದರೆ ಚತುರಶ್ರ ಏಕ 4, ಚತುರಶ್ರ ರೂಪಕ 6, ತಿಶ್ರ ತ್ರಿಪುಟ 7, ಮಿಶ್ರ ಝಂಪೆ 10, ಖಂಡ ಅಟ 14. ಪೆಟ್ಟು ಹಾಕುವ ಕ್ರಮ, ನಡೆ, ಚೆಂಡೆ-ಮದ್ದಳೆಯ ನುಡಿತ ಯಕ್ಷಗಾನದಲ್ಲಿ ಬೇರೆಯೇ. ಆದರೆ ಅಕ್ಷರದ ಲೆಕ್ಕ ಹೊಂದಿಕೊಳ್ಳುತ್ತದೆ.

ಹಿಂದಿನಿಂದ ಕೇಳುವ ಪ್ರಶ್ನೆ

ಬೆಲೆ ಹಾಕಿ ಮೊತ್ತ ತೆಗೆಯುವುದು ಸುಲಭ. ಈಗ ಪ್ರಶ್ನೆಯನ್ನು ತಿರುಗಿಸೋಣ. 10 ಅಕ್ಷರದ ತಾಳಗಳು ಯಾವುವು?

ಮಠ್ಯದಲ್ಲಿ 2ಲ + 2 = 10, ಆದ್ದರಿಂದ ಲ = 4. ಚತುರಶ್ರ ಜಾತಿ ಉಂಟು, ಆಗುತ್ತದೆ. ಝಂಪೆಯಲ್ಲಿ ಲ + 3 = 10, ಲ = 7. ಇದೂ ಆಗುತ್ತದೆ. ಅಟದಲ್ಲಿ 2ಲ + 4 = 10, ಲ = 3. ಇದೂ ಸರಿ. ರೂಪಕದಲ್ಲಿ ಲ = 8 ಬರುತ್ತದೆ, ಅಂಥ ಜಾತಿ ಇಲ್ಲ. ತ್ರಿಪುಟದಲ್ಲಿ 6, ಅದೂ ಇಲ್ಲ. ಏಕದಲ್ಲಿ 10, ಇಲ್ಲ. ಧ್ರುವದಲ್ಲಿ 3ಲ = 8, ಪೂರ್ಣಾಂಕವೇ ಬರುವುದಿಲ್ಲ. ಹಾಗಾಗಿ ಹತ್ತಕ್ಕೆ ಮೂರು ತಾಳ.

ಇಲ್ಲಿ ಮಗು ಏಳು ಸಮೀಕರಣ ಬಿಡಿಸಿತು. "ಉತ್ತರ ಬಂದರೂ ಅದು ಸಲ್ಲುತ್ತದೋ ಇಲ್ಲವೋ ನೋಡಬೇಕು" ಎಂಬ ಪಾಠವನ್ನೂ ಕಲಿಯಿತು. ನಮ್ಮ ಕಾಲೇಜಿನ ಪರೀಕ್ಷೆಯಲ್ಲೂ ಎಷ್ಟೋ ಜನ ಮರೆಯುವ ಹೆಜ್ಜೆ ಅದು. ಉತ್ತರ ಸರಿಯೇ ಎಂದು ತಿಳಿಯಲು ಪುಸ್ತಕದ ಕೊನೆಯ ಪುಟ ತಿರುಗಿಸಬೇಕಾಗಿಲ್ಲ, ತಾಳ ಹಾಕಿ ನೋಡಿದರೆ ಆಯಿತು. ಎಣಿಕೆ ತಪ್ಪಿದ್ದರೆ ಕೈ ಹೇಳುತ್ತದೆ.

ಇನ್ನೊಂದು ಮೆಟ್ಟಿಲು ಹತ್ತೋಣ. ಮಠ್ಯ ಮತ್ತು ಅಟ ತಾಳಗಳ ಮೊತ್ತ ಯಾವ ಜಾತಿಯಲ್ಲೂ ಬೆಸ ಆಗುವುದಿಲ್ಲ. ಯಾಕೆ? ಐದೈದು ಜಾತಿ ಹಾಕಿ ನೋಡಿ ಹೇಳಬಹುದು. ಅದಕ್ಕಿಂತ ಚೆಂದದ ಉತ್ತರ, 2ಲ + 2 ಎಂದರೆ 2(ಲ + 1), 2ಲ + 4 ಎಂದರೆ 2(ಲ + 2). ಲ ಏನೇ ಇರಲಿ, ಎರಡರಿಂದ ಗುಣಿಸಿದ ಮೇಲೆ ಬೆಸ ಬರುವ ದಾರಿಯೇ ಇಲ್ಲ. ಲೆಕ್ಕ ಮಾಡುವುದಕ್ಕೂ ಸಾಧಿಸಿ ತೋರಿಸುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅಪವರ್ತನ ಯಾಕೆ ಬೇಕು ಎಂಬ ಪ್ರಶ್ನೆಗೂ ಇದು ಉತ್ತರ.

ಒಂದು ಪೆಟ್ಟಿನೊಳಗೆ ಎಷ್ಟು?

ಭಿನ್ನರಾಶಿಯಲ್ಲಿ ಮಕ್ಕಳು ಸಾಮಾನ್ಯವಾಗಿ ಎಡವುವ ಜಾಗ ಒಂದುಂಟು. ನಾಲ್ಕು ಮೂರಕ್ಕಿಂತ ದೊಡ್ಡದು, ಹಾಗಾದ್ರೆ 1/4 ಕೂಡ 1/3ಕ್ಕಿಂತ ದೊಡ್ಡದಲ್ವಾ ಅಂತಾರೆ. ಒಂದೇ ವೇಗದಲ್ಲಿ ಪೆಟ್ಟು ಹಾಕುತ್ತಾ ಪ್ರತಿ ಪೆಟ್ಟಿಗೆ 'ತಕಿಟ' ಹೇಳಿಸಿ. ಆಮೇಲೆ ಅದೇ ಪೆಟ್ಟಿಗೆ 'ತಕಧಿಮಿ' ಹೇಳಿಸಿ. ನಾಲಿಗೆ ಓಡಬೇಕಾಗುತ್ತದೆ. ಒಂದೊಂದು ಅಕ್ಷರಕ್ಕೆ ಸಿಗುವ ಜಾಗ ಕಿರಿದಾಯಿತು ಎಂದು ಬಾಯಿಗೇ ಗೊತ್ತಾಗುತ್ತದೆ.

ಲ.ಸಾ.ಅ. ಕೂಡ ಹೀಗೆಯೇ. ಆದಿತಾಳ ಹಾಕುತ್ತಾ ಅಕ್ಷರಕ್ಕೊಂದರಂತೆ ತ, ಕಿ, ಟ ಹೇಳುತ್ತಾ ಹೋಗಿ. 'ತ' ಮತ್ತೆ ತಾಳದ ಮೊದಲ ಪೆಟ್ಟಿಗೆ ಬಂದು ಕೂರುವುದು ಯಾವಾಗ? 24 ಅಕ್ಷರ ಕಳೆದು, ಮೂರು ಆವರ್ತ ಮುಗಿದ ಮೇಲೆ. 8 ಮತ್ತು 3ರ ಲ.ಸಾ.ಅ. 24.

ಮುಕ್ತಾಯದ ಸಮೀಕರಣ

ಮದ್ದಳೆ, ಮೃದಂಗ ನುಡಿಸುವವರು ಒಂದು ಸೊಲ್ಲುಕಟ್ಟನ್ನು ಮೂರು ಸಲ ನುಡಿಸಿ ಮುಕ್ತಾಯ ಮಾಡುವುದುಂಟು. ಹಿಂದೂಸ್ತಾನಿಯವರು ಇದಕ್ಕೆ ತಿಹಾಯಿ ಅಂತಾರೆ. ಮೂರು ಕಟ್ಟು, ನಡುವೆ ಎರಡು ಬಿಡುವು, ಆಮೇಲೆ ಸರಿಯಾಗಿ ಮುಂದಿನ ಆವರ್ತದ ಮೊದಲ ಪೆಟ್ಟು. ಕಟ್ಟಿನ ಅಳತೆ 'ಕ', ಬಿಡುವಿನ ಅಳತೆ 'ಬ' ಎಂದಿಟ್ಟುಕೊಂಡರೆ:

3ಕ + 2ಬ = ಒಟ್ಟು ಅಕ್ಷರ

ಏಳಕ್ಷರದ ತ್ರಿವುಡೆಯ ಎರಡು ಆವರ್ತ ತೆಗೆದುಕೊಳ್ಳಿ, ಒಟ್ಟು 14. ಕ = 4, ಬ = 1 ಹಾಕಿದರೆ 4 + 1 + 4 + 1 + 4 = 14. ಕ = 2, ಬ = 4 ಹಾಕಿದರೂ 14. ಕ = 3 ಆಗುತ್ತದೆಯೇ? 9 ಕಳೆದರೆ 5 ಉಳಿಯಿತು, ಎರಡು ಬಿಡುವಿಗೆ ಎರಡೂವರೆಯಂತೆ ಹಂಚಬೇಕು. ಪೂರ್ಣಾಂಕದಲ್ಲಿ ಆಗದು. ಅರ್ಧ ಅಕ್ಷರದ ಬಿಡುವನ್ನು ನುರಿತವರು ನಿಭಾಯಿಸುತ್ತಾರೆ, ಕಲಿಯುವವರಿಗೆ ಸದ್ಯ ಬೇಡ. ಎರಡು ಅಜ್ಞಾತಗಳಿರುವ ಒಂದು ಸಮೀಕರಣಕ್ಕೆ ಪೂರ್ಣಾಂಕದ ಉತ್ತರ ಹುಡುಕುವುದನ್ನು ಗಣಿತದಲ್ಲಿ ಡಯೊಫ್ಯಾಂಟೈನ್ ಸಮೀಕರಣ ಅಂತಾರೆ. ಹೆಸರು ಗೊತ್ತಿಲ್ಲದೆಯೂ ನಮ್ಮ ಮದ್ದಳೆಗಾರರು ಇದನ್ನು ಕೈಯಲ್ಲೇ ಬಿಡಿಸುತ್ತಾರೆ.

ಪದ್ಯದೊಳಗಿನ ಎಣಿಕೆ

ಕನ್ನಡ ಪಾಠದಲ್ಲಿ ಪ್ರಸ್ತಾರ ಹಾಕುವಾಗಲೂ ಲಘು ಬರುತ್ತದೆ. ಆದರೆ ಹುಷಾರು, ಇದು ತಾಳದ ಲಘು ಅಲ್ಲ. ಛಂದಸ್ಸಿನಲ್ಲಿ ಲಘು ಯಾವಾಗಲೂ 1 ಮಾತ್ರೆ, ಗುರು 2 ಮಾತ್ರೆ. ಭಾಮಿನಿ ಷಟ್ಪದಿಯನ್ನು ನೋಡಿ. 1, 2, 4, 5ನೇ ಸಾಲುಗಳಲ್ಲಿ 3 + 4 + 3 + 4 = 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, 21 + 2 = 23. ಒಟ್ಟು 4 × 14 + 2 × 23 = 102 ಮಾತ್ರೆ. ಕುಮಾರವ್ಯಾಸನ ಭಾರತ ಇದೇ ಅಳತೆಯಲ್ಲಿ ನಡೆಯುತ್ತದೆ.

ಈಗ ಒಂದು ಪ್ರಶ್ನೆ. 4 ಮಾತ್ರೆಯನ್ನು ಲಘು-ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ಕೊನೆಯದು ಲಘು ಆದರೆ ಅದಕ್ಕಿಂತ ಮುಂಚೆ 3 ಮಾತ್ರೆ ತುಂಬಬೇಕು. ಕೊನೆಯದು ಗುರು ಆದರೆ 2 ಮಾತ್ರೆ ತುಂಬಬೇಕು. ಆದ್ದರಿಂದ 3 ಮಾತ್ರೆಯ ಬಗೆಗಳಿಗೆ 2 ಮಾತ್ರೆಯ ಬಗೆಗಳನ್ನು ಕೂಡಿಸಿದರೆ ಉತ್ತರ: 3 + 2 = 5. ಹೀಗೆ 1, 2, 3, 5, 8, 13 ಎಂದು ಸರಣಿ ಬೆಳೆಯುತ್ತದೆ. ನಾವೆಲ್ಲ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ರಿಕರ್ಶನ್ ಕಲಿಯುವಾಗ ಬರೆಯುವ ಫಿಬೊನಾಚಿ ಸರಣಿ ಇದೇ. ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮುಂಚೆ ವಿರಹಾಂಕ, ಹೇಮಚಂದ್ರ ಎಂಬ ಛಂದಶ್ಶಾಸ್ತ್ರಜ್ಞರು ಮಾತ್ರೆ ಎಣಿಸುತ್ತಲೇ ಈ ನಿಯಮಕ್ಕೆ ಬಂದಿದ್ದರು.

ಶ್ರುತಿ ಕೂಡುವುದಿಲ್ಲ ಯಾಕೆ?

ಪಿಯುಸಿ ಮಕ್ಕಳಿಗೆ ಶ್ರುತಿಯ ಲೆಕ್ಕ ಹೇಳಬಹುದು. ಮೇಲಿನ ಷಡ್ಜದ ಕಂಪನಾಂಕ ಕೆಳಗಿನ ಷಡ್ಜದ 2 ಪಟ್ಟು, ಪಂಚಮದ್ದು 3/2 ಪಟ್ಟು. ಪಂಚಮದ ಹೆಜ್ಜೆಯನ್ನೇ 12 ಸಲ ಇಟ್ಟರೆ ಸುಮಾರು 7 ಸ್ಥಾಯಿ ಮೇಲಿನ ಷಡ್ಜಕ್ಕೆ ಬರುತ್ತೇವೆ. ಸುಮಾರು ಅಷ್ಟೇ, ಸರಿಯಾಗಿ ಅಲ್ಲ. ಸರಿಯಾಗಿ ಬರಬೇಕಾದರೆ 3ರ 12ನೇ ಘಾತ 2ರ 19ನೇ ಘಾತಕ್ಕೆ ಸಮ ಆಗಬೇಕು. ಮೊದಲನೆಯದು 5,31,441, ಎರಡನೆಯದು 5,24,288. ಮೂರನ್ನು ಎಷ್ಟು ಸಲ ಗುಣಿಸಿದರೂ ಬೆಸವೇ, ಎರಡನ್ನು ಗುಣಿಸಿದರೆ ಸಮವೇ. ಇವು ಎಂದೂ ಕೂಡುವುದಿಲ್ಲ. ಈ ಉಳಿಕೆಯನ್ನು 12 ಮನೆಗಳಿಗೆ ಸಮನಾಗಿ ಹಂಚಿದರೆ ಸಿಗುವುದೇ ಈಗಿನ ಕೀಬೋರ್ಡಿನ ಶ್ರುತಿ.

ಹೆಚ್ಚು ಹೇಳಬಾರದು

"ಸಂಗೀತ ಕಲಿತರೆ ಬುದ್ಧಿ ಹೆಚ್ಚುತ್ತದೆ" ಎಂಬ ಮಾತು ಎಲ್ಲೆಡೆ ಕೇಳುತ್ತೇವೆ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೊಜಾರ್ಟ್ ಸಂಗೀತದ ಬಗ್ಗೆ ಒಂದು ಸಣ್ಣ ವರದಿ ಬಂತು. ಪ್ರಯೋಗಕ್ಕೆ ಒಳಗಾದವರು 36 ಕಾಲೇಜು ವಿದ್ಯಾರ್ಥಿಗಳು. ಒಂದು ಬಗೆಯ ಆಕೃತಿ-ಊಹೆಯ ಪರೀಕ್ಷೆಯಲ್ಲಿ ಅವರ ಅಂಕ ಸ್ವಲ್ಪ ಹೆಚ್ಚಿತು, ಅದೂ ಹತ್ತು-ಹದಿನೈದು ನಿಮಿಷದ ಮಟ್ಟಿಗೆ. ಗಣಿತದ ಪರೀಕ್ಷೆ ಅದಲ್ಲ, ಮಕ್ಕಳ ಮೇಲೆ ಮಾಡಿದ್ದೂ ಅಲ್ಲ. ಆದರೂ ಅದು 'ಮೊಜಾರ್ಟ್ ಪರಿಣಾಮ' ಎಂದು ಹೆಸರಾಗಿ ಕ್ಯಾಸೆಟ್, ಸಿಡಿ ಮಾರುವವರ ಕೈಗೆ ಸಿಕ್ಕಿತು.

ಹಾಗಾಗಿ ಚೆಂಡೆ ಕಲಿತ ಮಗು ಗಣಿತದಲ್ಲಿ ತಾನಾಗಿಯೇ ನೂರಕ್ಕೆ ನೂರು ತೆಗೆಯುತ್ತದೆ ಎಂದು ನಾವು ಹೇಳುತ್ತಿಲ್ಲ. ತಾಳ ಗೊತ್ತಿರುವುದು ಬೇರೆ, ತಾಳದಲ್ಲಿರುವ ಗಣಿತವನ್ನು ಬರೆದು ನೋಡುವುದು ಬೇರೆ. ಕೈಯಲ್ಲಿರುವುದನ್ನು ಹಲಗೆಗೆ ತರುವ ಕೆಲಸವನ್ನು ಯಾರಾದರೂ ಕೂತು ಮಾಡಿಸಬೇಕು. ಇನ್ನೊಂದು ಮಾತು, ಸಂಗೀತವನ್ನು ಬರೀ ಲೆಕ್ಕದ ಸಾಮಾನು ಮಾಡಿಬಿಟ್ಟರೆ ಎರಡೂ ಹಾಳು. ಎಣಿಕೆ ಸರಿ ಇದ್ದೂ ಪದ್ಯ ಒಣಗಿರಬಹುದು. ಆ ಭಾವದ ಪಾಠ ಭಾಗವತರದ್ದು, ನಮ್ಮದಲ್ಲ.

ರಜೆಯಲ್ಲಿ ಊರಿಗೆ ಹೋದಾಗ

ನಮ್ಮಲ್ಲಿ ಹಲವರು ರಜೆಯಲ್ಲಿ ನೆರೆಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇವೆ. ಮುಂದಿನ ಸಲ ಹೀಗೆ ಮಾಡಿ ನೋಡೋಣ. ಮೊದಲು ತಾಳ ಹಾಕಿಸುವುದು, ಸೂತ್ರ ಬೇಡ. ಆಮೇಲೆ ಅಕ್ಷರ ಎಣಿಸಿ ಸಂಖ್ಯೆ ಬರೆಸುವುದು. ಮೂರನೆಯದಾಗಿ ಜಾತಿ ಬದಲಿಸಿ, ಬದಲಾಗುವ ಭಾಗಕ್ಕೆ 'ಲ' ಎಂದು ಹೆಸರಿಡಿಸುವುದು. ಕೊನೆಗೆ 'ಲ' ಅಳಿಸಿ 'ಎಕ್ಸ್' ಬರೆಯುವುದು. ಎಲ್ಲರ ಮನೆಯಲ್ಲೂ ಯಕ್ಷಗಾನವೇ ಇರಬೇಕೆಂದಿಲ್ಲ. ದಫ್ ಬಾರಿಸುವ ಹುಡುಗನಿಗೆ ದಫ್ಫಿನ ಪೆಟ್ಟು, ಭಜನೆಗೆ ಹೋಗುವವಳಿಗೆ ಭಜನೆಯ ತಾಳ, ಚರ್ಚಿನಲ್ಲಿ ಹಾಡುವವರಿಗೆ ಅವರ ಹಾಡು. ಮಗುವಿಗೆ ಯಾವುದು ಬರುತ್ತದೋ ಅಲ್ಲಿಂದ ಶುರು.

ನೀವೂ ಮಾಡಿ ನೋಡಿ:

1. 7 ಅಕ್ಷರದ ತಾಳಗಳು ಎಷ್ಟು? (ನಾಲ್ಕು ಸಿಗಬೇಕು.)
2. 35ರಲ್ಲಿ 15 ಅಕ್ಷರದ ತಾಳ ಒಂದೂ ಇಲ್ಲ. ಯಾಕೆ ಎಂದು ಸಾಧಿಸಿ.
3. ಝಂಪೆಯ ಎರಡು ಆವರ್ತಕ್ಕೆ, ಅಂದರೆ 20 ಅಕ್ಷರಕ್ಕೆ, ಮೂರು ಬೇರೆ ಬೇರೆ ಮುಕ್ತಾಯ ಕಟ್ಟಿ. 'ಕ' ಯಾಕೆ ಸಮಸಂಖ್ಯೆಯೇ ಆಗಬೇಕು?

ಉತ್ತರ ಬಂದ ಮೇಲೆ ಬಾಯಲ್ಲಿ ಹೇಳಿ, ಕೈಯಲ್ಲಿ ಹಾಕಿ. ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಕೂತರೆ ಲೆಕ್ಕ ಸರಿ ಅಂತಲೇ ಅರ್ಥ.