ಹದಿನಾಲ್ಕನೇ ಪಾಠ ದಾಟು

ಹೋದ ವಾರ ನೀನು ಫೋನ್ ತೆಗೆದು ತೋರಿಸಿದೆಯಲ್ಲ, ಜಪಾನಿ ಕಲಿಯುವ ಪುಸ್ತಕಗಳು ಅಂತ ಅದರಲ್ಲಿ ಹನ್ನೊಂದು ಪಿಡಿಎಫ್ ಇದ್ದವು. ವ್ಯಾಕರಣದ್ದು ಎರಡು, ಸಂಭಾಷಣೆಯದ್ದು ಮೂರು, ಮೇಲಿನ ಹಂತದ ಪರೀಕ್ಷೆಗೆ ಮಾದರಿ ಪ್ರಶ್ನೆಪತ್ರಿಕೆ ಬೇರೆ. ‘ಮೊದಲ ಅಕ್ಷರ ಬರೆ ನೋಡೋಣ’ ಅಂದೆ. ನೀನು ತಲೆ ಕೆರೆದುಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಅದು ಇದೇ ತಮ್ಮಾ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ತಲೆಯಲ್ಲಿ ಕಾಳಿದೆ, ಜೊಳ್ಳಲ್ಲ. ಕೈಗೆ ಮಾತ್ರ ಬಲು ಅವಸರ.

ಆ ಅವಸರ ಎಲ್ಲಿಂದ ಬಂತು ಅಂತಲೂ ನನಗೆ ಗೊತ್ತು. ನಮ್ಮ ಬಸವಕಲ್ಯಾಣದ ಮಕ್ಕಳು ಭಾಷೆಗೆ ಹೆದರಿದವರಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ದಖನಿ ಉರ್ದು, ಉಮರ್ಗಾ ಕಡೆಯ ಬೀಗರ ಜೊತೆ ಮರಾಠಿ, ಜಹೀರಾಬಾದಿನಿಂದ ಬಂದ ಲಾರಿಯವರ ಜೊತೆ ತೆಲುಗು. ನಾಲ್ಕೂ ಬಂದವು, ಒಂದಕ್ಕೂ ಪುಸ್ತಕ ಹಿಡಿಯಲಿಲ್ಲ. ಐದನೆಯದೂ ಹಾಗೇ ಬಂದುಬಿಡುತ್ತದೆ ಅಂದುಕೊಂಡೆ. ಆದರೆ ಆ ನಾಲ್ಕನ್ನು ನಿನಗೆ ಕಲಿಸಿದ್ದು ಬಜಾರು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಪೂರ್ತಿ ಸುತ್ತಿದರೂ ಜಪಾನಿ ಮಾತಾಡಿ ಬಳೆ ಮಾರುವವಳು ಸಿಗುವುದಿಲ್ಲ. ನಿನಗೆ ಪುಸ್ತಕವೇ ಬಜಾರು. ಹನ್ನೊಂದು ಬಜಾರಿನಲ್ಲಿ ಒಂದೇ ದಿನ ವ್ಯಾಪಾರ ಮಾಡಿದವನು ಬರಿಗೈಯಲ್ಲಿ ಮನೆಗೆ ಬರುತ್ತಾನೆ.

ಹಾಗಾದರೆ ಯಾವುದು ಅಂತ ಕೇಳು. ನಮ್ಮ ದೇಶದ ತರಗತಿಗಳಲ್ಲಿ ಹೆಚ್ಚು ಓಡುವುದು ‘ಮಿನ್ನಾ ನೊ ನಿಹೋಂಗೊ’. 1998ರಲ್ಲಿ ಬಂದದ್ದು, ಆಮೇಲೆ ತಿದ್ದಿದ ಎರಡನೇ ಆವೃತ್ತಿಯೂ ಬಂದಿದೆ. ಆರಂಭಿಕ ಹಂತಕ್ಕೆ ಎರಡು ಭಾಗ, ಒಂದೊಂದರಲ್ಲಿ 25 ಪಾಠ. ಭಾರತದಲ್ಲೇ ಅಚ್ಚಾದ ಪ್ರತಿ ಸಿಗುತ್ತದೆ, ಆಮದಾದದ್ದಕ್ಕಿಂತ ಅಗ್ಗ. ಕೊಳ್ಳುವಾಗ ಎಚ್ಚರ: ಮುಖ್ಯ ಪುಸ್ತಕದ ಪಾಠವೆಲ್ಲ ಜಪಾನಿಯಲ್ಲೇ ಇರುತ್ತದೆ. ಅನುವಾದ ಮತ್ತು ವ್ಯಾಕರಣದ ವಿವರಣೆ ಬೇರೆ ಪುಸ್ತಕದಲ್ಲಿರುತ್ತದೆ. ಒಂದನ್ನೇ ತಂದು, ಏನೂ ತಿಳಿಯುತ್ತಿಲ್ಲ ಅಂತ ಮೂಲೆಗಿಟ್ಟವರನ್ನು ಕಂಡಿದ್ದೇನೆ. ಎರಡನ್ನೂ ತಾ.

‘ಗೆಂಕಿ’ ಅಂತ ಇನ್ನೊಂದಿದೆ, 1999ರದ್ದು, 2020ರಲ್ಲಿ ಮೂರನೇ ಆವೃತ್ತಿ ಬಂತು. ಎರಡು ಭಾಗ ಸೇರಿ 23 ಪಾಠ, ವಿವರಣೆ ಅದರೊಳಗೇ ಇಂಗ್ಲಿಷಿನಲ್ಲಿದೆ. ಕಾಲೇಜು ಹುಡುಗರ ಲೋಕ ಅದರದ್ದು, ಅಭ್ಯಾಸಗಳಲ್ಲಿ ಬಹಳಷ್ಟು ಇಬ್ಬರು ಎದುರುಬದುರು ಕೂತು ಮಾಡುವಂಥವು. ಜೊತೆಗೆ ಓದುವ ಗೆಳತಿಯೋ ಗೆಳೆಯನೋ ಇದ್ದರೆ ಸೊಗಸು, ಒಬ್ಬನೇ ಕೂರುವವನಿಗೆ ಅರ್ಧ ಪುಟ ಖಾಲಿ ಬಿಟ್ಟಂತೆ. ಕೈಯಲ್ಲಿ ದುಡ್ಡಿಲ್ಲವೋ, ‘ಇರೊದೊರಿ’ ಇದೆ. ಜಪಾನ್ ಫೌಂಡೇಶನ್ 2020ರಲ್ಲಿ ಹೊರತಂದದ್ದು. ಪುಸ್ತಕ, ಧ್ವನಿ ಎರಡೂ ಪುಕ್ಕಟೆ, ನ್ಯಾಯವಾಗಿಯೇ ಇಳಿಸಿಕೊಳ್ಳಬಹುದು. ಜಪಾನಿಗೆ ಹೋಗಿ ಬಾಳಿ ದುಡಿಯುವವರಿಗಾಗಿ ಮಾಡಿದ ಪುಸ್ತಕ. ಆಸ್ಪತ್ರೆಯಲ್ಲಿ ವೃದ್ಧರ ಆರೈಕೆಗೋ ಕಾರ್ಖಾನೆಗೋ ಹೋಗುವ ಮನಸ್ಸಿದ್ದವರಿಗೆ ನೇರ ಉಪಯೋಗ. 2019ರ ಏಪ್ರಿಲ್‌ನಲ್ಲಿ ಶುರುವಾದ ನಿರ್ದಿಷ್ಟ ಕೌಶಲದ ವೀಸಾ ಇದೆಯಲ್ಲ, ಅದಕ್ಕೆ ಸಾಮಾನ್ಯವಾಗಿ ಭಾಷೆಯ ಪರೀಕ್ಷೆ ಪಾಸಾಗಿರಬೇಕು.

ನನ್ನ ಮಾತು ಕೇಳುವುದಾದರೆ ‘ಮಿನ್ನಾ’ ಹಿಡಿ. ಹಟ ಇದ್ದರೆ ಬೇರೆಯದನ್ನು ಹಿಡಿ, ಜಗಳವಿಲ್ಲ. ಹಿಡಿದ ಮೇಲೆ ಆರು ತಿಂಗಳು ಇನ್ನೊಂದರ ಮುಖ ನೋಡಬೇಡ. ಉಳಿದ ಹತ್ತನ್ನೂ ಇವತ್ತೇ ಅಳಿಸು.

ಇನ್ನು ಅಕ್ಷರ. ನಾನು ಈ ಭಾಷೆಗೆ ಕೂತಾಗ ನಲವತ್ತು ದಾಟಿತ್ತು, ಪುಣೆಯಲ್ಲಿ ಕೆಲಸ. ಬೇಗ ಮಾತು ಬರಲಿ ಅಂತ ರೋಮನ್ ಲಿಪಿಯಲ್ಲಿ ಅಚ್ಚಾದ ಪುಸ್ತಕ ತಂದೆ. ನಾಲ್ಕು ತಿಂಗಳು ಓದಿದೆ. ಒಂದು ದಿನ ಜಪಾನಿನಿಂದ ಬಂದ ಹಿರಿಯರೊಬ್ಬರನ್ನು ‘ಅಜ್ಜ’ ಅಂತ ಕರೆಯಲು ಹೋಗಿ ‘ಕಾಕಾ’ ಅಂದುಬಿಟ್ಟೆ. ‘ಒಜಿಸನ್’ ಅಂದರೆ ಕಾಕಾ, ‘ಒಜೀಸನ್’ ಅಂದರೆ ಮುತ್ಯಾ. ಒಂದು ದೀರ್ಘದ ಅಂತರ. ಆ ದೀರ್ಘವನ್ನು ಇಂಗ್ಲಿಷ್ ಅಕ್ಷರದಲ್ಲಿ ನೋಡಿ ನೋಡಿ ನನ್ನ ಕಣ್ಣು ಹಾರಿಸಿಬಿಟ್ಟಿತ್ತು. ಕನ್ನಡದವನಿಗೆ ಆಗಬಾರದ ತಪ್ಪು ಅದು. ಇ, ಈ ಬೇರೆ ಅಂತ ಒಂದನೇ ಇಯತ್ತೆಯಲ್ಲೇ ತಿದ್ದಿದ್ದೇವೆ. ‘ಕಿತೆ’, ‘ಕಿತ್ತೆ’ ಬೇರೆ ಅನ್ನುವುದೂ ಅಷ್ಟೇ, ನಮಗದು ಬರೀ ಒತ್ತಕ್ಷರ. ಬಿಡದಿಯಲ್ಲಿ ಕಾರು ಮಾಡುವ ಕಂಪನಿಯನ್ನು ನಾವು ಇಂಗ್ಲಿಷ್ ನೋಡಿ ‘ಟೊಯೋಟಾ’ ಅನ್ನುತ್ತೇವೆ, ಅವರ ಬಾಯಲ್ಲಿ ಅದು ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ‘ತೊಯೊತ’.

ಅಷ್ಟಕ್ಕೂ ಅವರ ಅಕ್ಷರಮಾಲೆ ನಿನಗೆ ಪರಕೀಯವಲ್ಲ. ಅವು ಎರಡು: ಹಿರಗಾನ 46 ಅಕ್ಷರ, ಕತಕಾನ 46. ಓದುವ ಕ್ರಮ ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಚ ವರ್ಗ ಕೂರುವ ಜಾಗದಲ್ಲಿ ಸ ಕೂತಿದೆ, ಪ ವರ್ಗದ ಜಾಗದಲ್ಲಿ ಹ. ಇದು ಆಕಸ್ಮಿಕವಲ್ಲ. ಅಲ್ಲಿನ ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರ ಓದಲು ಕಲಿತ ಸಿದ್ಧಂ ಲಿಪಿಯ ಕ್ರಮದಿಂದ ಅದು ಬಂದದ್ದು. ಎರಡು ವಾರ, ದಿನಕ್ಕೆ ಏಳೆಂಟು ಅಕ್ಷರ, ಪಾಟಿಯ ಮೇಲೆ ತಿದ್ದು. ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವುದು ಆ ಎರಡು ವಾರ ಮಾತ್ರ. ಮೂರನೇ ವಾರವೂ ಅದನ್ನೇ ನೋಡುತ್ತಿದ್ದರೆ ಅಕ್ಷರ ನಿನ್ನ ಕಣ್ಣಿಗೆ ಕೂರುವುದೇ ಇಲ್ಲ. ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳಿಗೆ ಗಾಬರಿಯಾಗಬೇಡ. ಅಲ್ಲಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ 1026 ಕಾಂಜಿ ಕಲಿಯುತ್ತಾರೆ. ನೀನು ಆರು ವಾರದಲ್ಲಿ ಮುಗಿಸುತ್ತೇನೆ ಅಂದರೆ ಯಾರು ನಂಬಬೇಕು? ಮೊದಲ ನೂರು ಸಾಕು.

ಈಗ ಹೇಳುವುದನ್ನು ಕಿವಿಗೊಟ್ಟು ಕೇಳು. ‘ಮಿನ್ನಾ’ದಲ್ಲಿ ಹದಿನಾಲ್ಕನೇ ಪಾಠ ಅಂತ ಒಂದಿದೆ. ಹದಿಮೂರರವರೆಗೆ ಎಲ್ಲರೂ ಕುದುರೆಯೇರಿ ಬರುತ್ತಾರೆ. ಹದಿನಾಲ್ಕರಲ್ಲಿ ಕ್ರಿಯಾಪದದ ‘ತೆ’ ರೂಪ ಬರುತ್ತದೆ, ಅರ್ಧ ಜನ ಅಲ್ಲೇ ಇಳಿದುಬಿಡುತ್ತಾರೆ. ಓದು ಅನ್ನುವ ಯೊಮು ಹೋಗಿ ಯೊಂದೆ, ಕಾಯು ಅನ್ನುವ ಮತ್ಸು ಹೋಗಿ ಮತ್ತೆ, ಹೋಗು ಅನ್ನುವ ಇಕು ಹೋಗಿ ಇತ್ತೆ. ಇಂಗ್ಲಿಷಿನ ವಿವರಣೆ ಪುಟಗಟ್ಟಲೆ ಕೋಷ್ಟಕ ಕೊಡುತ್ತದೆ, ಹುಡುಗರು ಆ ಕೋಷ್ಟಕ ನೋಡಿಯೇ ಸೋಲುತ್ತಾರೆ. ಪಾಪ, ಇಂಗ್ಲಿಷಿನವರಿಗೆ ಕೋಷ್ಟಕ ಬೇಕು, ಅವರ ಭಾಷೆಯಲ್ಲಿ ಅಂಥದ್ದು ಇಲ್ಲ. ನಿನಗೇನಾಗಿದೆ? ಓದು ಓದಿ ಆಗುತ್ತದೆ, ಬರು ಬಂದು ಆಗುತ್ತದೆ, ತಿನ್ನು ತಿಂದು, ಕೊಡು ಕೊಟ್ಟು, ಮಾಡು ಮಾತ್ರ ಮಾಡಿ. ಕೊಡು ಕೊಟ್ಟು ಆದರೆ ಮಾಡು ಮಾಟ್ಟು ಯಾಕಾಗಲಿಲ್ಲ ಅಂತ ನೀನು ಯಾವತ್ತಾದರೂ ಕೋಷ್ಟಕ ಹಾಕಿ ಅತ್ತಿದ್ದೀಯಾ? ಮೂರು ವರ್ಷದ ಕೂಸಾಗಿದ್ದಾಗ ತೊಡೆಯ ಮೇಲೆ ಕೂತು ಕಲಿತೆ. ಜಪಾನಿಯ ನಿಯಮಗಳು ನಮ್ಮವಕ್ಕಿಂತ ಕಡಿಮೆ.

ಆ ರೂಪ ಬಂತೆಂದರೆ ಮುಂದಿನ ಬಾಗಿಲೆಲ್ಲ ತೆರೆದಿವೆ. ‘ತಬೆತೆ ಮಿರು’ ಅಂದರೆ ತಿಂದು ನೋಡು. ಮಿರು ಅಂದರೆ ನೋಡು, ಥೇಟ್ ನಮ್ಮದೇ. ‘ತಬೆತೆ ಶಿಮಉ’ ಅಂದರೆ ತಿಂದುಬಿಡು. ‘ಶಿತೆ ಒಕು’ ಅಂದರೆ ಮಾಡಿಡು, ಒಕು ಅಂದರೆ ಇಡು. ಮನೆಯಿಂದ ಹೊರಡುವಾಗ ಅವರು ‘ಇತ್ತೆಕಿಮಸು’ ಅನ್ನುತ್ತಾರೆ. ಇತ್ತೆ ಅಂದರೆ ಹೋಗಿ, ಕಿಮಸು ಅಂದರೆ ಬರುತ್ತೇನೆ. ನಮ್ಮ ಹೊಸ್ತಿಲಲ್ಲೂ ಬರಿ ‘ಹೋಗ್ತೀನಿ’ ಅಂದವರಿಗೆ ಆಯಿ ಬೈಯುತ್ತಿದ್ದಳಲ್ಲ, ‘ಹೋಗಿ ಬರ್ತೀನಿ ಅನ್ನು’ ಅಂತ. ಇಷ್ಟು ಹತ್ತಿರದ್ದನ್ನು ಇಂಗ್ಲಿಷಿನ ಮೂಲಕ ಕಲಿಯುವುದು ಅಂದರೆ, ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ.

ಅದಕ್ಕೇ ಹೇಳುತ್ತೇನೆ, ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಬರೆ. ವಿವರಣೆ ಇಂಗ್ಲಿಷಿನಲ್ಲಿ ಓದು, ತಿಳಿದದ್ದನ್ನು ಕನ್ನಡದಲ್ಲಿ ಬರೆ. ‘ವತಶಿ ಮೊ’ ಪಕ್ಕದಲ್ಲಿ ‘ನಾನೂ’ ಅಂತ ಬರೆ. ‘ದರೆ’ ಯಾರು, ‘ದರೆ ಮೊ’ ಯಾರೂ, ‘ದರೆ ಕ’ ಯಾರೋ. ಒಂದೇ ಅಕ್ಷರದ ಆಟ ಎರಡೂ ಕಡೆ. ‘ಹಿತೊರಿ, ಫುತರಿ’ ಬಂದಾಗ ಒಬ್ಬ, ಇಬ್ಬರು ಅಂತ ಬರೆ. ಮನುಷ್ಯರನ್ನು ಎಣಿಸಲು ಬೇರೆ ಮಾತು ಬೇಕೆನ್ನುವುದು ನಮಗೆ ಹೊಸದಲ್ಲ. ‘ಕಿಎರು’ ಅಂದರೆ ದೀಪ ತಾನಾಗಿ ಆರುವುದು, ‘ಕೆಸು’ ಅಂದರೆ ಆರಿಸುವುದು. 22ನೇ ಪಾಠಕ್ಕೆ ಬಂದಾಗ ‘ವತಶಿ ಗ ಕಿನೋ ಯೊಂದ ಹೊನ್’ ಅನ್ನುವಂಥ ಮಾತು ಸಿಗುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಹಿಂದುಮುಂದು ಮಾಡಬೇಕು. ಕನ್ನಡದಲ್ಲಿ ಒಂದು ಪದವೂ ಜಾಗ ಬಿಟ್ಟು ಕದಲುವುದಿಲ್ಲ: ನಾನು ನಿನ್ನೆ ಓದಿದ ಪುಸ್ತಕ. ಹನ್ನೆರಡನೇ ಶತಮಾನದಲ್ಲಿ ಶರಣರು ಎಂಥ ಗಹನವಾದದ್ದನ್ನೂ ಆಡುಮಾತಿನಲ್ಲಿ ಹಿಡಿದ ಊರು ನಮ್ಮದು. ಅನುಭವ ಮಂಟಪದ ಊರಿನ ಮಗು ತಾನು ತಿಳಿದದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಲು ನಾಚಬಾರದು.

ಇಷ್ಟು ಹೇಳಿದ್ದಕ್ಕೆ ಜಪಾನಿ, ಕನ್ನಡ ಅಕ್ಕತಂಗಿಯರು ಅಂತ ಊರಲ್ಲಿ ಸಾರಿಕೊಂಡು ಬರಬೇಡ. ಒನೊ ಸುಸುಮು ಎಂಬ ದೊಡ್ಡ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟು ಹೇಳಿದರು, ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ನಡಿಗೆ ಒಂದೇ ಥರ ಇದ್ದ ಮಾತ್ರಕ್ಕೆ ರಕ್ತ ಒಂದೇ ಆಗುವುದಿಲ್ಲ. ಕನ್ನಡ ಕೈಕೊಡುವ ಜಾಗಗಳೂ ಇವೆ. ‘ವ’ ಮತ್ತು ‘ಗ’ ಎಂಬ ಎರಡು ಪ್ರತ್ಯಯಗಳ ವ್ಯತ್ಯಾಸ ನಿನಗೆ ಮೊದಲ ವರ್ಷ ಪೂರ್ತಿ ತಿಳಿಯುವುದಿಲ್ಲ. ಎರಡು ಸಲ ಓದು, ಗುರುತು ಹಾಕು, ಮುಂದೆ ನಡೆ. ಅಲ್ಲೇ ಕೂತು ಹಲ್ಲು ಕಡಿಯಬೇಡ. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾಳೆ ಎಲ್ಲಕ್ಕೂ ಅವರಿಗೆ ‘ಇಕಿಮಸು’ ಒಂದೇ. ಯಾರು ಅನ್ನುವುದನ್ನು ಸಂದರ್ಭದಿಂದ ಹಿಡಿಯಬೇಕು. ಇನ್ನೊಬ್ಬರ ಹೆಸರಿಗೆ ‘ಸನ್’ ಹಚ್ಚು, ನಿನ್ನ ಹೆಸರಿಗೆ ಹಚ್ಚಿಕೊಳ್ಳಬೇಡ. ನಿನ್ನನ್ನು ನೀನೇ ‘ಸಾಹೇಬರು’ ಅಂದುಕೊಂಡ ಹಾಗಾಗುತ್ತದೆ.

ಕಿವಿಯನ್ನು ಮರೆತೀಯ, ಜೋಕೆ. ಜಪಾನಿ ಭಾಷೆಯ ಸಾಮರ್ಥ್ಯ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರ್. ಎನ್5 ಅನ್ನುವ ಮೊದಲ ಹಂತಕ್ಕೆ ಒಟ್ಟು 180 ಅಂಕ, ಪಾಸಾಗಲು 80. ಆದರೆ ಅದರೊಳಗೆ ಆಲಿಸುವ ಭಾಗದ 60ರಲ್ಲಿ 19 ಬರಲೇಬೇಕು. ಓದಿನಲ್ಲಿ ನೂರು ತೆಗೆದು ಕಿವಿಯಲ್ಲಿ ಹದಿನೆಂಟು ತಂದವಳು ನಪಾಸು. ಪುಸ್ತಕದ ಜೊತೆ ಬರುವ ಧ್ವನಿಯನ್ನು ಫೋನಿಗೆ ಹಾಕಿಕೊ. ಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಕೂತಾಗ ಹಚ್ಚು. ರಾಜೇಶ್ವರ ದಾಟುವಷ್ಟರಲ್ಲಿ ಒಂದು ಪಾಠದ ಸಂಭಾಷಣೆ ಐದಾರು ಸಲ ಕೇಳಬಹುದು. ಸಂಜೆ ತ್ರಿಪುರಾಂತ ಕೆರೆಯ ದಂಡೆಗೆ ಹೋಗಿ ಅದನ್ನೇ ಗಟ್ಟಿಯಾಗಿ ಹೇಳು. ಯಾರಾದರೂ ನಿಂತು ನೋಡಿದರೆ ನೋಡಲಿ.

ಎಷ್ಟು ದಿನ ಅಂತ ಕೇಳುತ್ತೀಯ, ಗೊತ್ತು. ಹಳೆಯ ಪರೀಕ್ಷೆಯ ಕಾಲದಲ್ಲಿ ಮೊದಲ ಹಂತಕ್ಕೆ 150 ಗಂಟೆ ಓದು, 800 ಪದ, 100 ಕಾಂಜಿ ಅಂತ ಲೆಕ್ಕ ಕೊಟ್ಟಿದ್ದರು. ಈಗಲೂ ಆ ಲೆಕ್ಕ ಕೆಟ್ಟದ್ದಲ್ಲ. ದಿನಕ್ಕೊಂದು ಗಂಟೆಯಾದರೆ ಐದು ತಿಂಗಳು. ಭಾನುವಾರ ಏಳು ಗಂಟೆ ಕೂತು ಉಳಿದ ಆರು ದಿನ ಮಲಗಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ರೊಟ್ಟಿ ದಿನಾ ಬಡಿಯಬೇಕು, ವಾರದ ರೊಟ್ಟಿ ಒಂದೇ ದಿನ ತಿನ್ನಲಾಗದು. ಒಂದು ಪಾಠಕ್ಕೆ ಐದಾರು ದಿನ ಕೊಡು. ಮೊದಲ ದಿನ ಪದಗಳು, ಎರಡನೇ ದಿನ ವ್ಯಾಕರಣ, ಆಮೇಲೆ ಅಭ್ಯಾಸ. ಅಭ್ಯಾಸದ ಉತ್ತರವನ್ನು ಬಾಯಲ್ಲಿ ಹೇಳಿ ಮುಗಿಸಬೇಡ, ವಹಿಯಲ್ಲಿ ಬರೆ. ಹೊಸ ಪಾಠ ತೆರೆಯುವ ಮುಂಚೆ ಹಿಂದಿನದನ್ನು ಪುಸ್ತಕ ಮುಚ್ಚಿ ಒಮ್ಮೆ ಹೇಳಿ ನೋಡು. ಹತ್ತಿರ ಗುರುಗಳಿಲ್ಲವೆಂದರೆ ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಯಾರಿಗಾದರೂ ವಹಿ ತೋರಿಸು. ಪುಣೆಯಲ್ಲಿ, ಬೆಂಗಳೂರಿನಲ್ಲಿ ಕಲಿಸುವವರು ಬೇಕಾದಷ್ಟಿದ್ದಾರೆ.

ಪುಸ್ತಕ ತಂದ ದಿನ ನನಗೆ ತೋರಿಸಬೇಡ. ಹೊಸ ಪುಸ್ತಕ ಅಂಗಡಿಯಲ್ಲೂ ಇರುತ್ತದೆ. ಹದಿನಾಲ್ಕನೇ ಪಾಠ ಮುಗಿದ ದಿನ ಅದನ್ನು ಹಿಡಿದು ಮನೆಗೆ ಬಾ. ಮೂಲೆಗಳು ಮಡಚಿರಲಿ, ಅಂಚಿನ ತುಂಬ ಕನ್ನಡ ಇರಲಿ. ನಾನು ಪಾಟಿ ತೆಗೆದಿಟ್ಟಿರುತ್ತೇನೆ.